ಬೂದು ಕೋಟಿನ ಪಕ್ಕದ ಹೊಲಿಗೆ

ಕಟಿಂಗ್ ಮಾಸ್ಟರ್‌ಗೆ ಗುಬ್ಬಿಯ ಮೇಲೆ ಮನಸ್ಸಿದೆ ಎನ್ನುವುದು ಆ ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗುಬ್ಬಿ ಒಬ್ಬಳನ್ನು ಬಿಟ್ಟು. ಇಸ್ತ್ರಿ ಅಕ್ಕನಂತೂ ದಿನಕ್ಕೊಮ್ಮೆ ಕೆಣಕದೆ ಇರುತ್ತಿರಲಿಲ್ಲ.

“ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಜನಕ್ಕೆ ಕಾಣಲ್ವಾ ಮಾಸ್ಟ್ರೇ?”

ಮಾಸ್ಟರ್ ಕತ್ತರಿಯನ್ನು ಬಟ್ಟೆಗೆ ಇಟ್ಟು ಕಿವುಡನಾಗಿಬಿಡುತ್ತಿದ್ದ.

ಗುಬ್ಬಿಗೆ ಗೊತ್ತಾಗದಿದ್ದುದಕ್ಕೆ ಕಾರಣ ಇತ್ತು. ಅವನು ಅವಳ ಮುಖ ನೋಡುತ್ತಿರಲಿಲ್ಲ. ಬೆಳಿಗ್ಗೆ ಅವಳು ಗೂಟದಿಂದ ತನ್ನ ಬೂದು ಕೋಟು ತೆಗೆದು, ತೊಟ್ಟು, ಮೇಲಿನಿಂದ ಒಂದೊಂದೇ ಗುಂಡಿ ಹಾಕಿಕೊಳ್ಳುವಾಗ ಅವನ ಕಣ್ಣು ಮೇಜಿನಿಂದ ಎದ್ದು ನೇರವಾಗಿ ಅವಳ ಸೊಂಟದ ಪಕ್ಕಕ್ಕೆ ಬರುತ್ತಿತ್ತು. ನಾಲ್ಕನೇ ಗುಂಡಿ ಬಿದ್ದೊಡನೆ ಅವನು ಸಣ್ಣದೊಂದು ಉಸಿರು ಬಿಟ್ಟು ಮತ್ತೆ ಬಟ್ಟೆಗೆ ಬಾಗುತ್ತಿದ್ದ.

ನಾನು ದಪ್ಪಗಾಗ್ತಿದೀನಿ, ಅದನ್ನೇ ನೋಡ್ತಾನೆ ಎಂದು ಅವಳು ತಿಳಿದಿದ್ದಳು. ಅವನು ನೋಡಿದಾಗೆಲ್ಲ ಅವಳ ಬೆರಳು ಗುಂಡಿಯ ಮೇಲೆ ತಡವರಿಸುತ್ತಿತ್ತು.

ಆ ಅಂಗಡಿಯಲ್ಲಿ ಡಾಕ್ಟರುಗಳ ಕೋಟು, ಬ್ಯಾಂಡಿನವರ ಜಾಕೆಟ್ಟು, ಹೋಟೆಲಿನವರ ಸಮವಸ್ತ್ರ ಹೊಲಿಯುತ್ತಿದ್ದರು. ಅವಳದು ಕೈಕೆಲಸ, ಕಾಜಾ, ಗುಂಡಿ, ಹೆಮ್ಮಿಂಗ್. ಕೆಲಸಕ್ಕೆ ಸೇರಿದವರಿಗೆಲ್ಲ ಮೈಗೆ ಸರಿಯಾಗಿ ಹೊಲಿದ ಒಂದೊಂದು ಬೂದು ಕೋಟು, ಸಂಜೆ ಅದನ್ನು ಅಂಗಡಿಯ ಗೂಟಕ್ಕೇ ನೇತುಹಾಕಿ ಮನೆಗೆ ಹೋಗುವುದು ರೂಢಿ. ನಾಲ್ಕು ವರ್ಷದ ಹಿಂದೆ ಅವಳ ಕೋಟನ್ನು ಮಾಸ್ಟರೇ ಹೊಲಿದಿದ್ದ. ಗುಬ್ಬಿ ಎಂಬ ಹೆಸರು ಬಿದ್ದದ್ದೂ ಆಗಲೇ. ಊಟದ ಹೊತ್ತಿಗೆ ಎರಡು ಕಾಳು ಕುಕ್ಕಿ ಡಬ್ಬಿ ಮುಚ್ಚುತ್ತಾಳೆ ಎಂದು ಎಲ್ಲರೂ ಮುದ್ದಿನಿಂದ ಹಾಗೆ ಕರೆದರು. ಆ ಮುದ್ದನ್ನು ಉಳಿಸಿಕೊಳ್ಳಲು ಅವಳು ಆ ಎರಡು ಕಾಳನ್ನೂ ಬಿಟ್ಟಳು.

ಸೂಜಿ ಹಿಡಿದ ಕೈಯಲ್ಲೇ ಒಂದು ದಿನ ಅವಳು ನೆಲಕ್ಕೆ ಬಿದ್ದಾಗ ಎತ್ತಿಕೊಂಡು ಓಡಿದವನು ಮಾಸ್ಟರ್. ಅದು ಅವಳಿಗೆ ಗೊತ್ತಿರಲಿಲ್ಲ, ಅವಳಿಗೆ ಪ್ರಜ್ಞೆಯೇ ಇರಲಿಲ್ಲ.

ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ಏಳು ತಿಂಗಳು ಹೋಯಿತು. ಈಟಿಂಗ್ ಡಿಸಾರ್ಡರ್, ಅಂದರೆ ತಿನ್ನಲು ಬಿಡದ ಮನಸ್ಸಿನ ಕಾಯಿಲೆ, ಎಂದು ಡಾಕ್ಟರು ಬರೆದರು. ಅಮ್ಮ ಅದಕ್ಕೆ ‘ಅವಳು’ ಎನ್ನುತ್ತಿದ್ದಳು. “ಇವತ್ತು ಅವಳು ಬಂದಿದಾಳಾ, ನೀನೇ ಇದೀಯಾ?” ಎಂದು ತಟ್ಟೆ ಇಡುವ ಮೊದಲು ಕೇಳುತ್ತಿದ್ದಳು. ಗುಬ್ಬಿಗೆ ಆ ಪ್ರಶ್ನೆಯೇ ಹೆದರಿಕೆ. ಕೌನ್ಸೆಲರ್ ಮೇಡಂ ಕೂಡ ಹೇಳಿದ್ದರು, “ಇಷ್ಟು ದಿನ ನಿಮ್ಮ ಪರವಾಗಿ ಕಾಯಿಲೆ ಮಾತಾಡ್ತಿತ್ತು. ಇನ್ಮೇಲೆ ನೀವು ಮಾತಾಡಿ” ಎಂದು. ಅವಳು ಬಾಯಿ ತೆರೆದರೆ ಮಾತೇ ಇರಲಿಲ್ಲ. ಯಾವ ಬಣ್ಣ ಇಷ್ಟ, ಯಾವ ಹಾಡು ಇಷ್ಟ, ರಜೆ ಸಿಕ್ಕರೆ ಎಲ್ಲಿಗೆ ಹೋಗಲು ಆಸೆ, ಒಂದಕ್ಕೂ ಉತ್ತರ ಬರಲಿಲ್ಲ. ಬೇಡ ಎನ್ನುವುದೊಂದೇ ಅವಳು ಇಷ್ಟು ವರ್ಷ ಆಡಿದ ಮಾತು. ಕಾಯಿಲೆ ಪೂರ್ತಿ ಹೊರಟುಹೋದರೆ ಒಳಗೆ ಯಾರೂ ಉಳಿಯುವುದಿಲ್ಲವೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಅಂಗಡಿಗೆ ಮರಳಿದ ಮೇಲೆ ಮಾಸ್ಟರ್ ದಿನಕ್ಕೊಂದು ನೆಪ ತೆಗೆದು ಅವಳ ಮೇಜಿಗೆ ಬರುತ್ತಿದ್ದ.

“ಬ್ಯಾಂಡಿನವರ ಜಾಕೆಟ್ಟಿಗೆ ಯಾವ ದಾರ ಹಾಕೋಣ? ಕೆಂಪಾ, ಹಳದೀನಾ?”

“ನಿಮಗೆ ಯಾವುದು ಸರಿ ಅನ್ಸುತ್ತೋ ಅದು.”

“ನಂಗೇ ಸರಿ ಅನ್ಸಿದ್ರೆ ನಾನ್ಯಾಕೆ ಇಲ್ಲೀವರ್ಗೂ ಬರ್ಲಿ?”

“ಎರಡೂ ಚೆನ್ನಾಗಿದೆ.”

“ಈ ಅಂಗಡೀಲಿ ನನ್ನ ಜೊತೆ ಜಗಳ ಆಡದೇ ಇರೋರು ನೀವೊಬ್ರೇ. ತುಂಬಾ ಬೇಜಾರು ರೀ.”

ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು, ಅವನ ಕಣ್ಣು ಮತ್ತೆ ಕೋಟಿನ ಪಕ್ಕಕ್ಕೆ ಜಾರಿತ್ತು.

ಮನೆಯಲ್ಲಿದ್ದ ತೂಕದ ಯಂತ್ರವನ್ನು ಕೌನ್ಸೆಲರ್ ಹೊರಗೆ ಹಾಕಿಸಿದ್ದರು. ಉದ್ದನೆಯ ಕನ್ನಡಿಗೆ ಅಮ್ಮ ಹಾಸಿಗೆಯ ಹೊದಿಕೆ ಹೊದಿಸಿದ್ದಳು. ಕೋಟಿನ ವಿಷಯ ಯಾರಿಗೂ ಹೊಳೆದಿರಲಿಲ್ಲ. ಗುಬ್ಬಿಯ ಲೆಕ್ಕ ಅಲ್ಲಿತ್ತು: ನಾಲ್ಕನೇ ಗುಂಡಿ ಎಳೆಯದೆ ಬಿದ್ದರೆ ಆ ದಿನ ಡಬ್ಬಿ ತೆರೆಯಬಹುದು. ಅಂಗಡಿಗೆ ಮರಳಿದ ಎರಡನೇ ವಾರ ಒಂದು ದಿನ ಗುಂಡಿ ಬಿಗಿಯಾಯಿತು. ಡಬ್ಬಿ ಹೋದಂತೆಯೇ ಮನೆಗೆ ಬಂತು. ಅಮ್ಮ ಅದನ್ನು ಕೈಯಲ್ಲಿ ಎತ್ತಿ ನೋಡಿ, ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಅಳುವುದು ಕೇಳಬಾರದೆಂದು ನಲ್ಲಿ ಬಿಡುವುದು ಅಮ್ಮನ ಅಭ್ಯಾಸ.

ಆಮೇಲೆ ಗುಂಡಿ ಒಂದು ದಿನವೂ ಬಿಗಿಯಾಗಲಿಲ್ಲ. ತಿಂದರೂ ಏನೂ ಆಗುವುದಿಲ್ಲ, ಕೋಟೇ ಹೇಳುತ್ತಿದೆಯಲ್ಲ ಎಂದು ಅವಳು ದಿನಾ ಡಬ್ಬಿ ತೆರೆದಳು. ಮೂರು ತಿಂಗಳಾಗುವಷ್ಟರಲ್ಲಿ ಡಬ್ಬಿ ಖಾಲಿಯಾಗಿ ಬರತೊಡಗಿತು. ಅಮ್ಮ ಪಕ್ಕದ ಮನೆಯವರಿಗೆಲ್ಲ ಖಾಲಿ ಡಬ್ಬಿ ತೋರಿಸಿಕೊಂಡು ಬಂದಳು.

ಶನಿವಾರ ಕೋಟುಗಳನ್ನು ಒಗೆದು ಹಿಂದಿನ ಅಂಗಳದಲ್ಲಿ ಒಣಹಾಕುವ ಕೆಲಸ ಇಸ್ತ್ರಿ ಅಕ್ಕನದು. ಒಂದು ಶನಿವಾರ ಅವಳಿಗೆ ಸೊಂಟ ಹಿಡಿದುಕೊಂಡಿತ್ತು. “ಗುಬ್ಬೀ, ಒಣಗಿದ್ದನ್ನೆಲ್ಲ ಎತ್ಕೊಂಡು ಬಾರೇ” ಎಂದಳು.

ಅಂಗಡಿಯೊಳಗೆ ಹಗಲೂ ಟ್ಯೂಬ್‌ಲೈಟು. ತನ್ನ ಕೋಟನ್ನು ಅವಳು ಬಿಸಿಲಿನಲ್ಲಿ ನೋಡಿದ್ದು ಅದೇ ಮೊದಲು. ಎರಡೂ ಪಕ್ಕದಲ್ಲಿ, ಕಂಕುಳಿನಿಂದ ಕೆಳಗಿನವರೆಗೆ, ಬೆರಳಗಲದ ಒಂದು ಪಟ್ಟಿ ಉಳಿದ ಬಟ್ಟೆಗಿಂತ ಗಾಢವಾಗಿತ್ತು. ಬಣ್ಣ ಮಾಸದ ಬಟ್ಟೆ. ಇಷ್ಟು ವರ್ಷ ಹೊಲಿಗೆಯ ಒಳಗೆ ಮಡಿಸಿಕೊಂಡಿದ್ದ ಬಟ್ಟೆ.

ಅವಳು ಕೋಟನ್ನು ಒಳಮಗ್ಗುಲು ತಿರುಗಿಸಿದಳು. ಹಳೇ ಹೊಲಿಗೆ ಬಿಚ್ಚಿದ ಸೂಜಿತೂತುಗಳ ಸಾಲು, ಅದರ ಪಕ್ಕ ಇನ್ನೊಂದು, ಮತ್ತೊಂದು, ಒಟ್ಟು ಐದು ಸಾಲು, ಒಂದೊಂದು ಸಲ ಒಂದೊಂದು ಅಕ್ಕಿಕಾಳಿನಷ್ಟು ಸಡಿಲ. ಈಗಿದ್ದದ್ದು ಯಂತ್ರದ ಹೊಲಿಗೆಯಲ್ಲ, ಕೈಯದು, ಎಡಕ್ಕೆ ವಾಲಿದ್ದು. ಆ ಅಂಗಡಿಯಲ್ಲಿ ಎಡಗೈಯಲ್ಲಿ ಹೊಲಿಯುವವನು ಒಬ್ಬನೇ.

ಅವಳು ಒಳಗೆ ಬಂದಾಗ, ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಮಾಸ್ಟರ್ ಹೆಗಲು ಮುಟ್ಟಿಕೊಂಡಿದ್ದ. ಕತ್ತರಿ ಕೆಳಗಿಟ್ಟು ಎದ್ದು ನಿಂತ.

“ಇದೇನಿದು?”

“ರೀ, ಕೂತ್ಕೊಳ್ಳಿ, ಹೇಳ್ತೀನಿ...”

“ಇದೇನು ಅಂತ ಕೇಳ್ದೆ!”

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಆ ದನಿ ಎಲ್ಲಿಂದ ಬಂತೆಂದು ಇಸ್ತ್ರಿ ಅಕ್ಕ ಬಾಗಿಲ ಕಡೆ ನೋಡಿದಳು.

“ಅವತ್ತು ಗುಂಡಿ ಹಾಕೋವಾಗ ನಿಮ್ಮ ಮುಖ ನೋಡ್ದೆ,” ಎಂದ ಮಾಸ್ಟರ್. “ಮಧ್ಯಾಹ್ನ ಡಬ್ಬಿ ತೆಗೀಲಿಲ್ಲ ನೀವು. ನಂಗೆ ಅರ್ಥ ಆಯ್ತು. ಏನ್ಮಾಡ್ಲಿ? ತಿನ್ನಿ ಅನ್ನೋಕೆ ನಾನ್ಯಾರು? ನಂಗೆ ಬರೋದು ಇದೊಂದೇ.”

“ನನ್ನ ಮೈ ನಂಗೇ ಗೊತ್ತಾಗದ ಹಾಗೆ ಮಾಡಿದ್ರಲ್ಲ! ದಿನಾ ನೋಡ್ತಿದ್ರಿ. ನಾನು ಊದ್ಕೊಂಡಿದೀನಿ ಅಂತ ನೋಡ್ತಿದೀರಿ ಅಂದ್ಕೊಂಡೆ. ನೀವು ನೋಡ್ತಿದ್ದಿದ್ದು ನಿಮ್ಮ ಹೊಲಿಗೆ!”

“ಅದು ಬಿಗಿ ಆಗಿದ್ಯೇನೋ ಅಂತ ಜೀವ ಹೋಗ್ತಿತ್ತು ರೀ.”

“ಇವಳ ಕೈಲಿ ತಡ್ಕೊಳ್ಳೋಕಾಗಲ್ಲ ಅಂತ ನೀವೇ ತೀರ್ಮಾನ ಮಾಡಿದ್ರಿ. ಅಮ್ಮ ಮಾಡಿದ್ರು, ಡಾಕ್ಟ್ರು ಮಾಡಿದ್ರು, ನೀವೂ ಮಾಡಿದ್ರಿ. ನನ್ನನ್ನ ಯಾರಾದ್ರೂ ಕೇಳಿದೀರಾ?”

ಕೋಟನ್ನು ಅವನ ಮೇಜಿನ ಮೇಲೆ ಎಸೆದು ಅವಳು ಹೊರಟುಹೋದಳು. ಗುರುತು ಹಾಕುವ ಸೀಮೆಸುಣ್ಣದ ಡಬ್ಬಿ ಉರುಳಿ ಬಿಳಿ ಪುಡಿ ನೆಲದ ತುಂಬ ಚೆಲ್ಲಿತು. ಮಾಸ್ಟರ್ ಅದನ್ನು ಬಳಿಯಲಿಲ್ಲ, ಕೈಚೆಲ್ಲಿ ಕೂತ.

ಸೋಮವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ತಟ್ಟೆಯ ಮುಂದೆ ಕೂತರೆ ಕೈ ಏಳಲಿಲ್ಲ. ನೋಡಿದ್ಯಾ, ಎಲ್ರೂ ಮೋಸ ಮಾಡೋರೇ, ನಾನೊಬ್ಬಳೇ ನಿಂಗೆ ನಿಜ ಹೇಳೋಳು ಎಂದಿತು ಒಳಗಿನ ಹಳೇ ದನಿ. ಆ ದನಿಯ ಪರಿಚಯ ಎಷ್ಟು ಹಳೆಯದೆಂದರೆ ಅವಳಿಗೆ ಸಮಾಧಾನವೇ ಆಯಿತು. ಕೋಣೆಯ ಬಾಗಿಲು ಹಾಕಿಕೊಂಡಳು.

ಅಮ್ಮ ಹೊರಗೆ ನೆಲದ ಮೇಲೆ ಕೂತಳು.

“ನೀನು ಉಣ್ಣೋವರ್ಗೂ ನಾನೂ ಉಣ್ಣಲ್ಲ ಅಂತ ಹೇಳಬಾರ್ದು ಅಂದಿದಾರೆ ಡಾಕ್ಟ್ರು. ಅದಕ್ಕೇ ಹೇಳ್ತಿಲ್ಲ,” ಎಂದಳು ಬಾಗಿಲಿಗೆ. ಬಾಗಿಲಿಗೆ ತಲೆ ಆನಿಸಿ, “ನಂಗೇನು ಮಾಡಬೇಕು ಅಂತ ಗೊತ್ತಾಗ್ತಿಲ್ಲ ಪುಟ್ಟಾ,” ಎಂದಳು. ನಲ್ಲಿಯವರೆಗೆ ಹೋಗುವ ತ್ರಾಣವೂ ಆವತ್ತು ಅಮ್ಮನಿಗೆ ಇರಲಿಲ್ಲ. ಬಾಗಿಲಾಚೆ ಅಳು ಕೇಳಿಸಿತು.

ಅಮ್ಮನ ಅಳು ಕೇಳಿ ಅವಳು ಬಾಗಿಲು ತೆರೆದಳು. ಮೂರು ತುತ್ತು ತಿಂದಳು. ಒಂದೊಂದು ತುತ್ತಿಗೂ ಒಳಗಿನ ದನಿ ಬೈಯಿತು. ಮಂಗಳವಾರವೂ ಅಷ್ಟೇ, ಹಲ್ಲು ಕಚ್ಚಿಕೊಂಡು ಮೂರು ತುತ್ತು.

ಬುಧವಾರ ಬೆಳಿಗ್ಗೆ ಎದ್ದಾಗಲೂ ಮಾಸ್ಟರ್ ಮೇಲಿನ ಸಿಟ್ಟು ಇಳಿದಿರಲಿಲ್ಲ. ಹಾಸಿಗೆಯಲ್ಲಿ ಕೂತು ಅವಳು ಆ ಸಿಟ್ಟನ್ನು ಆಶ್ಚರ್ಯದಿಂದ ನೋಡಿದಳು. ಅವಳು ಯಾರ ಮೇಲೂ ಕೂಗಿದವಳಲ್ಲ. ಹೊಟ್ಟೆಗಿಲ್ಲದಾಗ ಸಿಟ್ಟಿಗೂ ತ್ರಾಣ ಇರುತ್ತಿರಲಿಲ್ಲ, ಏನಾದರೂ ಆದರೆ ತಟ್ಟೆ ಸರಿಸುತ್ತಿದ್ದಳು ಅಷ್ಟೇ. ಶನಿವಾರ ಅಂಗಡಿಯಲ್ಲಿ ಕೂಗಿದ್ದು ಕಾಯಿಲೆಯಲ್ಲ. ಅದಕ್ಕೆ ಕೂಗಲು ಬರುವುದಿಲ್ಲ, ಪಿಸುಗುಡಲು ಮಾತ್ರ ಬರುತ್ತದೆ. ಹಾಗಾದರೆ ಕೂಗಿದ್ದು ಯಾರು?

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು.

“ಯಾರಪ್ಪಾ?”

“ಕಟಿಂಗ್ ಮಾಸ್ಟರ್ ಅಮ್ಮಾ. ಬೈಸ್ಕೊಳ್ಳೋಕೆ ಬಂದಿದೀನಿ.”

“ಹಾಗಾದ್ರೆ ಒಳಗೆ ಬಂದು ಕೂತ್ಕೊಂಡೇ ಬೈಸ್ಕೊ. ನಿಂತ್ರೆ ಕಾಲು ನೋಯುತ್ತೆ,” ಎಂದಳು ಅಮ್ಮ.

ಅವನು ಕೈಬೀಸಿಕೊಂಡು ಬಂದಿದ್ದ. ನಾಲ್ಕು ದಿನದಲ್ಲಿ ಗಡ್ಡ ಬಂದು ಮುಖ ಬಾಡಿತ್ತು. ಊಟದ ಮೇಜಿನ ಕುರ್ಚಿಯ ತುದಿಯಲ್ಲಿ ಕೂತ. ಅವಳು ಎದುರು ನಿಂತಳು.

“ಅವತ್ತು ಅರ್ಧಕ್ಕೇ ಬಿಟ್ಟು ಬಂದ್ರಿ,” ಎಂದ. “ಇನ್ನೂ ಉಳಿದಿದ್ರೆ ಬೈದುಬಿಡಿ.”

“ಉಳಿದಿದೆ. ಆ ಕೋಟು ನಂಬ್ಕೊಂಡು ಊಟ ಮಾಡ್ತಿದ್ದೆ. ಈಗ ತಟ್ಟೆ ಮುಂದೆ ಕೂತ್ರೆ ಏನನ್ನ ನಂಬ್ಲಿ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ನಿಜವಾಗ್ಲೂ ಗೊತ್ತಿಲ್ಲ ರೀ. ನನ್ನ ಕೈಲಿ ಆಗೋದನ್ನ ಮಾಡ್ದೆ, ಅದೂ ತಪ್ಪಾಯ್ತು. ಈಗ ನನ್ನ ಹತ್ರ ಏನೂ ಇಲ್ಲ.”

ಅವಳು ಎದುರಿನ ಕುರ್ಚಿ ಎಳೆದು ಕೂತಳು.

“ಇನ್ನೇನಾದ್ರೂ ಮುಚ್ಚಿಟ್ಟಿದೀರಾ ನನ್ನಿಂದ?”

ಮಾಸ್ಟರ್ ಕಿವಿ ಕೆಂಪಾಯಿತು. “ಒಂದಿದೆ.”

“ಹೇಳಿ.”

“ನಿಮ್ಮಮ್ಮ ಇದಾರೆ.”

“ನಾನಿಲ್ಲ!” ಎಂದಳು ಅಮ್ಮ ಅಡುಗೆಮನೆಯಿಂದ.

ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ತೀಡಿದ. “ನೀವಂದ್ರೆ ನಂಗೆ ಇಷ್ಟ. ಮೊದಲನೇ ದಿನ ದಾರಾನ ಹಲ್ಲಲ್ಲಿ ಕಡಿದು ಇಸ್ತ್ರಿ ಅಕ್ಕನ ಹತ್ರ ಬೈಸ್ಕೊಂಡ್ರಲ್ಲ, ಅವತ್ತಿಂದ.”

ಅವಳ ಎದೆ ಒಂದು ಸಲ ಜೋರಾಗಿ ಹೊಡೆದುಕೊಂಡಿತು. ಸುಖವೋ ಭಯವೋ ಅವಳಿಗೆ ತಿಳಿಯಲಿಲ್ಲ.

“ಅದು ಗುಬ್ಬಿ, ಮಾಸ್ಟ್ರೇ. ಗುಬ್ಬಿ ಅಂದ್ರೆ ಕಾಯಿಲೆ. ಅವಳು ಹೋಗಬೇಕು ಅಂತಾನೇ ಎಲ್ರೂ ಒದ್ದಾಡ್ತಿರೋದು. ಅವಳು ಹೋದ್ಮೇಲೆ ಇಲ್ಲಿ ಯಾರಿರ್ತಾರೋ ನಂಗೇ ಗೊತ್ತಿಲ್ಲ. ಯಾರೂ ಇರಲ್ವೇನೋ.”

ಇಷ್ಟು ದಿನ ಯಾರಿಗೂ ಹೇಳದ ಮಾತು ಹೇಗೆ ಬಾಯಿಂದ ಬಂತೋ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು.

“ಶನಿವಾರ ಒಬ್ರು ಬಂದಿದ್ರಲ್ಲ,” ಎಂದ ಮಾಸ್ಟರ್ ಮೆಲ್ಲಗೆ. “ಚಾವಣಿ ಹಾರಿಹೋಗೋ ಹಾಗೆ ಕೂಗಿದ್ರು. ಇನ್ನೂ ಸರಿಯಾಗಿ ಪರಿಚಯ ಆಗಿಲ್ಲ. ಆದ್ರೆ ಅವ್ರೂ ನಂಗೆ ಇಷ್ಟ ಆದ್ರು.”

ಅವಳು ನಕ್ಕಳು. ನಗುತ್ತಿದ್ದಂತೆ ಕಣ್ಣು ತುಂಬಿತು, ಒರೆಸಿಕೊಂಡರೂ ನಿಲ್ಲಲಿಲ್ಲ.

“ಹೂಂ ಅನ್ನೋಕೆ ನಂಗೀಗ ಆಗಲ್ಲ.”

“ನಾನು ಕೇಳ್ಲಿಲ್ವಲ್ಲ.”

“ನಾನು ಮತ್ತೆ ಬೀಳ್ತೀನಿ. ಇವತ್ತೇ ಬೀಳಬಹುದು.”

“ಬೀಳದ ಹಾಗೆ ಮಾಡೋಕೆ ನಂಗೆ ಬರಲ್ಲ. ಅದು ಈಗ ಗೊತ್ತಾಗಿದೆ.”

“ಮತ್ತೆ ಯಾಕೆ ಬಂದ್ರಿ?”

ಅವನು ಯೋಚಿಸಿದ. “ಅಂಗಡೀಲಿ ಕೂರೋಕಾಗ್ಲಿಲ್ಲ,” ಎಂದ.

ಅಮ್ಮ ಮೂರು ತಟ್ಟೆ ತಂದಿಟ್ಟು, ಯಾರ ಮುಖವನ್ನೂ ನೋಡದೆ ಕೂತಳು. ಇವತ್ತು ‘ಅವಳು ಬಂದಿದಾಳಾ’ ಎಂದು ಕೇಳಲಿಲ್ಲ. ಒಳಗಿನ ದನಿ ಶುರುವಾಗಿಯೇ ಇತ್ತು. ಅವಳು ಚಮಚ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಮಾಸ್ಟರ್ ತಟ್ಟೆ ಮುಟ್ಟಿರಲಿಲ್ಲ. ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಅಮ್ಮ ಕಿಟಕಿ ನೋಡುತ್ತಿದ್ದಳು.

ಐದು ತುತ್ತಾಯಿತು. ಆರನೆಯದಕ್ಕೆ ಕೈ ನಿಂತಿತು.

“ಮಾಸ್ಟ್ರೇ.”

“ಹೇಳಿ.”

“ಗಡಿಯಾರ ಬಿಡಿ. ಇಲ್ಲಿ ನೋಡಿ.”

“ನಾನು ನೋಡಿದ್ರೆ ನಿಮಗೆ ತಿನ್ನೋಕೆ ಕಷ್ಟ ಆಗುತ್ತೇನೋ ಅಂತ...”

“ಆಗುತ್ತೆ. ಆದ್ರೂ ನೋಡಿ. ಕೋಟಲ್ಲ, ನನ್ನನ್ನ.”

ಅವನು ತಿರುಗಿದ. ಅತ್ತು ಕೆಂಪಾದ ಮೂಗು, ತುಟಿಯಂಚಿಗೆ ಅಂಟಿದ ಒಂದು ಅಗುಳು, ತುಂಬತೊಡಗಿದ್ದ ಕೆನ್ನೆ, ಎಲ್ಲವನ್ನೂ ನೋಡಿದ. ಅವಳು ಮುಖ ತಗ್ಗಿಸಲಿಲ್ಲ. ನೋಡಿಸಿಕೊಳ್ಳುತ್ತಲೇ ಆರನೇ ತುತ್ತು ತಿಂದಳು.