ಕ್ಲಾರಿನೆಟ್ ಮುಂದೆ ಮಾವಿನಕಾಯಿ

ಕರಿಯಪ್ಪನ ಬಾಯಲ್ಲಿ ನೀರೂರಿಸಬೇಕು, ಊರೆಲ್ಲ ಸೇರಿದ ಕಡೆ ಅವನ ಕ್ಲಾರಿನೆಟ್ ಕಿರುಚಿಕೊಳ್ಳುವಂತೆ ಮಾಡಬೇಕು ಎಂದು ನಾನು ತೀರ್ಮಾನಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ, ರಾಗಿ ಕೇರುತ್ತಾ ಕೂತಿದ್ದಾಗ.

ಮೊಮ್ಮಗಳು ಚಂದನ ಫೋನನ್ನು ಮೊರಕ್ಕೆ ಅಡ್ಡ ಹಿಡಿದಳು. "ಅಜ್ಜಿ, ನೋಡಿಲ್ಲಿ. ಸೋಮನಹಳ್ಳಿ ಹತ್ರ ಮಾವಿನ ತೋಪಲ್ಲಿ ಜಾಝ್ ಹಬ್ಬ ಅಂತೆ. ಬೆಂಗಳೂರಿಂದ ದೊಡ್ಡ ಬ್ಯಾಂಡ್ ಬರುತ್ತೆ. ಅದರಲ್ಲಿ ನಮ್ಮ ಕಡೆಯೋರು ಒಬ್ರು ತಾತ ಕ್ಲಾರಿನೆಟ್ ಊದ್ತಾರಂತೆ."

ಫೋನಿನಲ್ಲಿ ಆ ತಾತನ ಫೋಟೊ: ಕರಿ ಕೋಟು, ಕುತ್ತಿಗೆಗೆ ಚಿಟ್ಟೆಯಂಥ ಟೈ, ಒಪ್ಪವಾಗಿ ಬಾಚಿದ ಬಿಳಿ ಕೂದಲು. ಯಾರೋ ಅಂದುಕೊಂಡೆ. ಆಮೇಲೆ ಎಡ ಹುಬ್ಬು ಕಂಡಿತು. ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀರು.

ಆ ಗೀರು ಬಿದ್ದದ್ದು ನನ್ನಿಂದ.

"ಯಾವತ್ತು?" ಅಂದೆ.

"ಶನಿವಾರ ಸಂಜೆ. ಯಾಕಜ್ಜಿ, ಬರ್ತೀಯಾ?"

"ಬತ್ತೀನಿ. ಮುಂದಿನ ಸಾಲಲ್ಲೇ ಕೂರಿಸ್ಬೇಕು."

ನಲವತ್ತಮೂರು ವರ್ಷದ ಹಿಂದೆ, ಕೆರಗೋಡಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಮದ್ದೂರಿನ ಬ್ಯಾಂಡ್ ಸೆಟ್ ಬಂದಿತ್ತು. ನಾನು ಜಗಲಿ ಮೇಲೆ ಕೂತು ಹಸಿ ಹುಣಿಸೆಕಾಯಿಗೆ ಉಪ್ಪು ಹಚ್ಚಿ ಕಚ್ಚುತ್ತಿದ್ದೆ. ಊದುವವರ ಎದುರು ಹುಳಿ ತಿಂದರೆ ಅವರ ಬಾಯಿ ನೀರಾಗುತ್ತದೆ, ಕ್ಲಾರಿನೆಟ್ಟಿನ ಮೂತಿಯ ಪೀಪಿ ತೊಯ್ದು ಸ್ವರ ಕೆಡುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತಿನ್ನುತ್ತಿದ್ದೆ.

ಕ್ಲಾರಿನೆಟ್ ಹಿಡಿದ ಹುಡುಗ ನನ್ನನ್ನು ನೋಡಿದ. ಗಂಟಲು ಏರಿ ಇಳಿಯಿತು. ಆ ಕಡೆ ತಿರುಗಿದ. ನಾನು ಎದ್ದು ಆ ಕಡೆಯ ಕಂಬಕ್ಕೆ ಒರಗಿ ನಿಂತೆ. ಈ ಕಡೆ ತಿರುಗಿದ. ನಾನೂ ಈ ಕಡೆ ಬಂದೆ. ಮೂರನೆಯ ಸಲ ಕ್ಲಾರಿನೆಟ್ ಕೋಳಿ ಹಿಡಿದಂತೆ ಕಿರುಚಿತು. ಬ್ಯಾಂಡ್ ಮೇಷ್ಟ್ರು ಕೈಯಲ್ಲಿದ್ದ ಕೋಲು ಬೀಸಿದರು. ಅದು ಹುಬ್ಬಿಗೆ ಬಿತ್ತು.

ರಕ್ತ ಕಂಡು ನನ್ನ ನಗು ನಿಂತುಹೋಯಿತು. ಅಡುಗೆ ಮನೆಯಿಂದ ಅರಿಶಿನ ತಂದೆ.

"ಔಸ್ದಿ ಅಚ್ಚೋಕೆ ಬಂದ್ಯಾ, ಇಲ್ಲಾ ಇನ್ನೊಂದು ಉಣಿಸೆಕಾಯಿ ತೋರ್ಸೋಕೆ ಬಂದ್ಯಾ?" ಅಂದ.

"ಎರಡೂ ಐತೆ. ಯಾವ್ದು ಬೇಕು?"

ಅವನು ನಕ್ಕ. ಹುಬ್ಬಿನ ರಕ್ತ ಕಣ್ಣಿನ ಪಕ್ಕಕ್ಕೆ ಇಳಿಯುತ್ತಿತ್ತು, ಆದರೂ ನಕ್ಕ. ಅಷ್ಟು ಸಾಕಾಯಿತು ನನಗೆ.

ನಮ್ಮ ಮನೆ ಮದ್ದೂರಿನಲ್ಲೇ. ಆ ವರ್ಷ ನಮ್ಮ ಬೀದಿಯಲ್ಲಿ ಯಾವ ಮೆರವಣಿಗೆ ಹೋದರೂ ಕಿಟಕಿಯ ಹತ್ತಿರ ಬಂದಾಗ ಕ್ಲಾರಿನೆಟ್ ಒಂದು ಗಳಿಗೆ ಬೇರೆ ದಾರಿ ಹಿಡಿಯುತ್ತಿತ್ತು. ಅವನೇ ಕಟ್ಟಿದ ಸಣ್ಣ ಧಾಟಿ, ನಾಲ್ಕೇ ಸ್ವರ. ಮೇಲಕ್ಕೆ ಹತ್ತಿ, ಮೇಲೆಯೇ ನಿಂತು, ಏನೋ ನೆನಪಾದಂತೆ ಜಾರಿ ಇಳಿಯುವುದು. ಅವನು ಓರೆಗಣ್ಣಿನಲ್ಲಿ ನೋಡುವನು. ನಾನು ಇಲ್ಲದ ಹುಣಿಸೆಕಾಯಿಯನ್ನು ಕಚ್ಚಿದಂತೆ ನಟಿಸುವೆ.

ಅಪ್ಪ ನನಗೆ ಮಳವಳ್ಳಿ ಕಡೆ ಗಂಡು ನೋಡಿದರು. ಶಿಂಷಾ ಹೊಳೆಯ ಹತ್ತಿರ ಕರಿಯಪ್ಪ ಸಿಕ್ಕಿದ.

"ಗುರುವಾರ ನಿಮ್ಮ ಬೀದೀಲಿ ಮೆರವಣಿಗೆ ಐತೆ ಕಣಮ್ಮೀ. ನಿಮ್ಮನೆ ಮುಂದೆ ನಮ್ಮ ಧಾಟಿ ಊದ್ತೀನಿ. ಊದಿದ್ರೆ ಬೆಳಿಗ್ಗೆ ಮೊದಲನೇ ರೈಲಿಗೆ ಟೇಸನ್ನಿಗೆ ಬಂದ್ಬುಡು. ಊದ್ನಿಲ್ಲ ಅಂದ್ರೆ ನನ್ನ ಕೈಲಾಗ್ನಿಲ್ಲ ಅಂತ ತಿಳ್ಕೊ. ಬರ್ಬ್ಯಾಡ."

ಗುರುವಾರ ಸಂಜೆ ಎದುರು ಮನೆ ಅಂಕಯ್ಯ ತೀರಿಕೊಂಡರು.

ರಾತ್ರಿ ಮೆರವಣಿಗೆ ಬಂದಾಗ ಬೀದಿಯ ತುದಿಯಲ್ಲಿ ಬ್ಯಾಂಡ್ ಮೇಷ್ಟ್ರು ಕೈ ಎತ್ತಿದರು. ಡ್ರಮ್ಮು ನಿಂತಿತು, ಕಹಳೆ ನಿಂತಿತು. ಸಾವಿನ ಮನೆ ಮುಂದೆ ಬ್ಯಾಂಡ್ ಬಾರಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಗ್ಯಾಸ್ ಲೈಟುಗಳ ಸುಯ್ಯೆನ್ನುವ ಸದ್ದು, ಕಾಲುಗಳ ಸದ್ದು, ಅಷ್ಟೇ. ಕರಿಯಪ್ಪ ಕ್ಲಾರಿನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ನನ್ನ ಕಿಟಕಿಯನ್ನು ದಾಟಿಹೋದ. ಒಂದು ಸಲವೂ ಕಣ್ಣೆತ್ತಲಿಲ್ಲ.

ಹೆಣ್ಣೊಬ್ಬಳನ್ನು ಅವಳ ಮನೆಯಿಂದ ಕರೆದೊಯ್ಯಲು ಹೊರಟವನು ಇದೊಂದನ್ನು ಮುರಿಯಲಾರನೇ? ನಾಲ್ಕು ಸ್ವರ. ಉಸಿರೊಂದರಷ್ಟು ಹೊತ್ತು.

ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳಗು ಮಾಡಿದೆ. ರೈಲು ಕೂಗಿದ್ದು ಕೇಳಿತು. ಗಂಟನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ.

ಮಳವಳ್ಳಿಯಲ್ಲಿ ಮೂವತ್ತು ವರ್ಷ ಬಾಳಿದೆ. ಯಜಮಾನರು ಒಳ್ಳೆಯವರು, ಅವರ ಮೇಲೆ ನನಗೆ ದೂರಿಲ್ಲ. ದೂರೆಲ್ಲ ಕರಿಯಪ್ಪನ ಮೇಲೆಯೇ. ಯಜಮಾನರು ತೀರಿಕೊಂಡ ಮೇಲೆ ಮದ್ದೂರಿಗೆ ಮಗಳ ಮನೆಗೆ ಬಂದೆ. ದೂರನ್ನೂ ಜೊತೆಯಲ್ಲೇ ತಂದೆ. ಯಾವ ಮದುವೆಯ ಬ್ಯಾಂಡ್ ಕೇಳಿದರೂ ಹಲ್ಲು ಕಚ್ಚುತ್ತಿದ್ದೆ.

ಶನಿವಾರ ಹಿತ್ತಲಿನ ಮರದಲ್ಲಿ ಅತಿ ಹುಳಿಯಾದ ಮಾವಿನಕಾಯಿಗಳನ್ನು ಆರಿಸಿದೆ. ಸಣ್ಣಗೆ ಸೀಳಿ, ಉಪ್ಪು ಖಾರ ಕಲಸಿ, ಸ್ಟೀಲ್ ಡಬ್ಬಿ ತುಂಬಿದೆ.

"ಅಜ್ಜಿ, ಅಲ್ಲಿ ತಿನ್ನೋಕೆ ಎಲ್ಲ ಸಿಗುತ್ತೆ," ಅಂದಳು ಚಂದನ.

"ಇದು ತಿನ್ನೋಕಲ್ಲ ಕಣಮ್ಮೀ. ತೋರ್ಸೋಕೆ."

ತೋಪಿನ ಮರಗಳಿಗೆಲ್ಲ ಹಳದಿ ಬಲ್ಬು ಸುತ್ತಿದ್ದರು. ಒಂದು ಕಡೆ ಜೋಳ ಸುಡುತ್ತಿದ್ದರು, ಇನ್ನೊಂದು ಕಡೆ ಬಿಯರಿಗೆ ಸಾಲು ನಿಂತಿತ್ತು. ವೇದಿಕೆಯ ಮೇಲೆ ಹದಿನೈದು ಜನ. ಮನುಷ್ಯನಿಗಿಂತ ಎತ್ತರದ ಪಿಟೀಲಿನಂಥದ್ದನ್ನು ಒಬ್ಬ ತಬ್ಬಿಕೊಂಡು ಬೆರಳಲ್ಲಿ ಮೀಟುತ್ತಿದ್ದ. ಸ್ಯಾಕ್ಸೊಫೋನಿನವರು ಒಟ್ಟಿಗೆ ಎದ್ದು ಒಟ್ಟಿಗೆ ಕೂರುವರು. ಕೆಳಗೆ ಹಲಗೆ ಹಾಸಿದ ಜಾಗದಲ್ಲಿ ಹುಡುಗ ಹುಡುಗಿಯರು ಕೈ ಹಿಡಿದು ಗಿರ್ರನೆ ತಿರುಗಿ, ಬಿಟ್ಟು, ಮತ್ತೆ ಹಿಡಿಯುವರು.

"ಇದಕ್ಕೆ ಸ್ವಿಂಗ್ ಅಂತಾರೆ ಅಜ್ಜಿ."

ಉಯ್ಯಾಲೆಯಂತೆಯೇ ಇತ್ತು. ಹಿಂದಕ್ಕೆ ಎಳೆದು ಎಳೆದು ಮುಂದಕ್ಕೆ ದಬ್ಬುವ ತಾಳ. ನನ್ನ ಬಲಗಾಲು ತಾನೇ ಕುಣಿಯತೊಡಗಿತು. ಎಡಗಾಲಿನಿಂದ ಅದನ್ನು ತುಳಿದು ಹಿಡಿದೆ. ನಾನು ಬಂದದ್ದು ಅದಕ್ಕಲ್ಲ.

ಹಾಡುವ ಹುಡುಗಿ ಮೈಕಿನಲ್ಲಿ ಹೇಳಿದಳು. "ಈ ಬ್ಯಾಂಡಿನಲ್ಲಿ ಇವರಿಗೆ ಇವತ್ತು ಮೊದಲನೇ ಸ್ಟೇಜು. ನಲವತ್ತೈದು ವರ್ಷ ಮದುವೆಗಳಲ್ಲಿ ಊದಿದವರು. ನಿಮ್ಮ ಊರಿನ ಕರಿಯಪ್ಪನವರು!"

ಚಪ್ಪಾಳೆ. ಕರಿಯಪ್ಪ ಮುಂದೆ ಬಂದ. ಕಾಲು ಸ್ವಲ್ಪ ಎಳೆಯುತ್ತಿದ್ದ. ಪೀಪಿಯನ್ನು ನಾಲಿಗೆಯಿಂದ ತೇವ ಮಾಡಿ, ಕಣ್ಣು ಮುಚ್ಚಿ, ಊದಿದ.

ಚೆನ್ನಾಗಿ ಊದಿದ. ಅದನ್ನು ಇಲ್ಲ ಎಂದರೆ ನಾಲಿಗೆ ಸೇದಿಹೋಗುತ್ತದೆ. ಕುಣಿಯುತ್ತಿದ್ದವರು ನಿಂತು ಕೇಳಿದರು. ನನಗೆ ಸಿಟ್ಟು ಇನ್ನೂ ಏರಿತು. ಇಷ್ಟು ಉಸಿರು ಇಟ್ಟುಕೊಂಡು, ಅವತ್ತು ನಾಲ್ಕು ಸ್ವರಕ್ಕೆ ಬರ ಬಂದಿತ್ತೇ?

ಅವನು ಕಣ್ಣು ತೆರೆದ. ನಾನು ಡಬ್ಬಿ ತೆರೆದೆ.

ಒಂದು ಹೋಳನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಖಾರದ ಪುಡಿ ಕೆಂಪಗೆ ಮಿಂಚಿತು. ಮೆಲ್ಲಗೆ ಕಚ್ಚಿದೆ. ಕಣ್ಣು ಕಿರಿದು ಮಾಡಿ, ಚಪ್ಪರಿಸಿದೆ.

ಅವನ ನೋಟ ಡಬ್ಬಿಗೆ ಬಂತು, ನನ್ನ ಬಾಯಿಗೆ ಬಂತು, ಮುಖಕ್ಕೆ ಬಂತು. ಗಂಟಲು ಏರಿ ಇಳಿಯಿತು. ಆ ಕಡೆ ತಿರುಗಿದ. ನಾನು ಪಕ್ಕದ ಖಾಲಿ ಕುರ್ಚಿಗೆ ಸರಿದೆ. ಎರಡನೆಯ ಹೋಳು.

ಕ್ಲಾರಿನೆಟ್ ಕಿರುಚಿತು. ಕೋಳಿ ಹಿಡಿದಂತೆ, ಅದೇ ಕಿರುಚು.

ಹಿಂದೆ ಯಾರೋ ಕಿಸಕ್ಕೆಂದರು, ಆಮೇಲೆ ಹತ್ತು ಜನ. ಕಹಳೆಯವನು ಎದ್ದು ಹೇಗೋ ಹಾಡನ್ನು ಮುಗಿಸಿದ. "ಪಾಪ, ವಯಸ್ಸಾಯ್ತು," ಎಂದು ನನ್ನ ಪಕ್ಕದ ಹೆಂಗಸು ಹೇಳಿದಳು. ನಲವತ್ತಮೂರು ವರ್ಷ ಕಾದ ಹೊತ್ತು ಬಂದಿತ್ತು. ಹೊಟ್ಟೆ ತಣ್ಣಗಾಯಿತು, ನಿಜ. ಆದರೆ ಅವನು ಕೆಂಡವಾಗಬೇಕಿತ್ತು. ಅವನು ಕರ್ಚೀಫಿನಲ್ಲಿ ಬಾಯಿ ಒರೆಸಿಕೊಂಡು, ಎಡ ಹುಬ್ಬನ್ನು ಮುಟ್ಟಿಕೊಂಡು, ನಗುತ್ತಾ ನಿಂತಿದ್ದ.

ಇಂಟರ್‌ವಲ್ಲಿನಲ್ಲಿ ನೇರ ನನ್ನ ಕುರ್ಚಿಗೆ ಬಂದ.

"ಮಾಯಮ್ಮ. ಉಣಿಸೆಕಾಯಿ ಬುಟ್ಟು ಮಾವಿನಕಾಯಿಗೆ ಬಂದ್ಯಾ?"

"ಹುಣಿಸೆ ಕಾಲ ಮುಗೀತು. ಸೇಡಿನ ಕಾಲ ಮುಗಿದಿರ್ಲಿಲ್ಲ."

"ಸೇಡಾ? ನಿಂಗಾ?" ನಗು ಹೋಯಿತು. "ಟೇಸನ್ನಲ್ಲಿ ನಿಂತೋನು ನಾನು. ಬರದೆ ಇದ್ದೋಳು ನೀನು. ಮೊದಲನೇ ರೈಲು ಓಯ್ತು. ಎರಡನೇದೂ ಓಯ್ತು. ಎರಡು ಟಿಕೆಟ್ಟು ಇಡ್ಕೊಂಡು ಮಧ್ಯಾಹ್ನದಗಂಟ ನಿಂತಿದ್ದೆ ಕಣಮ್ಮೀ."

ಡಬ್ಬಿಯ ಮುಚ್ಚಳ ಕೈಯಿಂದ ಜಾರಿತು.

"ನೀನು ಊದ್ಲಿಲ್ಲ," ಅಂದೆ. "ಊದದಿದ್ರೆ ಬರ್ಬ್ಯಾಡ ಅಂದೋನು ನೀನೇ."

"ಸಾವಿನ ಮನೆ ಮುಂದೆ ಸುಮ್ಕಿದ್ರೆ ಊದ್ನಿಲ್ಲ ಅಂದಂಗಾ? ಅದು ಸತ್ತೋರಿಗೆ ಮರ್ವಾದೆ. ಬ್ಯಾಂಡಿನೋರ ಪೈಕಿ ಅದನ್ನ ಯಾರೂ ಲೆಕ್ಕಕ್ಕೇ ಇಟ್ಕಳಲ್ಲ. ನಿಂಗೆ ತಿಳೀತದೆ ಅಂದ್ಕಂಡೆ."

"ನಾನು ಬ್ಯಾಂಡಿನೋಳಲ್ಲ ಕಣಯ್ಯ. ಕಿಟಕಿ ಒಳಗೆ ಕೂತಿದ್ದೋಳು. ಕಣ್ಣಾದ್ರೂ ಎತ್ತಬಾರ್ದಾಗಿತ್ತಾ?"

"ಎತ್ತಬೇಕಾಗಿತ್ತು," ಅಂದ. "ಎತ್ತಿದ್ರೆ ಅಲ್ಲೇ ನಿಂತ್ಬುಡ್ತೀನಿ ಅಂತ ಭಯ ಆಯ್ತು."

ಅತ್ತ ಡ್ರಮ್ಮಿನವನು ತಟ್ಟಿ ಕರೆದ. ಕರಿಯಪ್ಪ ಎರಡು ಹೆಜ್ಜೆ ಹೋಗಿ ತಿರುಗಿದ.

"ಎಂಡ್ತಿ ಓಗಿ ಆರು ವರ್ಸ ಆಯ್ತು. ಇನ್ನೊಂದು ಸಲ ಕೆಟ್ರೆ ಈ ಬ್ಯಾಂಡೂ ಓಯ್ತದೆ. ತಿನ್ನಂಗಿದ್ರೆ ತಿನ್ನು, ನಿನ್ನಿಷ್ಟ. ಇವತ್ತು ಈ ತೋಪಲ್ಲಿ ಯಾರೂ ಸತ್ತಿಲ್ಲ. ನಾನು ಊದ್ತೀನಿ."

ಇಂಟರ್‌ವಲ್ ಮುಗಿದ ಮೇಲಿನ ಎರಡನೆಯ ಹಾಡು ಜೋರಾಗಿ ಓಡುತ್ತಿತ್ತು. ಅವನ ಸರದಿ ಬಂತು. ನನ್ನ ಬೆರಳ ನಡುವೆ ಹೋಳು ಇತ್ತು. ಅವನು ಕಣ್ಣು ಮುಚ್ಚಲಿಲ್ಲ. ನೇರ ನನ್ನ ಬಾಯಿಯನ್ನೇ ನೋಡುತ್ತಾ ಊದಿದ, ಮೇಲಕ್ಕೆ ಹತ್ತಿ, ಮೇಲೆಯೇ ನಿಂತು, ಏನೋ ನೆನಪಾದಂತೆ ಜಾರಿ ಇಳಿದ. ಆ ಉಯ್ಯಾಲೆ ತಾಳದೊಳಗೆ ನಮ್ಮ ನಾಲ್ಕು ಸ್ವರ.

ಹೋಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಬಲಗಾಲನ್ನು ಬಿಟ್ಟುಬಿಟ್ಟೆ, ಕುಣಿದುಕೊಳ್ಳಲಿ ಎಂದು.

ಹಳೆಯ ಮಾತಿನಂತೆ, ಮರುದಿನ ಬೆಳಿಗ್ಗೆ ಮೊದಲನೇ ರೈಲಿನ ಹೊತ್ತಿಗೆ ಚಂದನ ನನ್ನನ್ನು ಮದ್ದೂರು ಸ್ಟೇಷನ್ನಿಗೆ ಬಿಟ್ಟಳು. ದಾರಿಯಲ್ಲಿ ಎಲ್ಲವನ್ನೂ ಹೇಳಿದ್ದೆ. "ಊಟದ ಹೊತ್ತಿಗೆ ವಾಪಸ್ ಬರಬೇಕು ಅಜ್ಜಿ," ಎಂದು ಬೆರಳು ತೋರಿಸಿ ಹೋದಳು.

ಅವನು ಆಗಲೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಟಿಕೆಟ್ಟು. ನಾನು ಟೀ ಅಂಗಡಿಯ ಮರೆಯಲ್ಲಿ ನಿಂತೆ.

ಮೊದಲನೇ ರೈಲು ಬಂತು. ಅವನು ಎದ್ದು ಗೇಟಿನ ಕಡೆ ನೋಡಿದ, ಗಡಿಯಾರ ನೋಡಿದ, ಮತ್ತೆ ಗೇಟಿನ ಕಡೆ ನೋಡಿದ. ಕಾಲೆಳೆಯುತ್ತಾ ಗೇಟಿನವರೆಗೆ ಹೋಗಿ ಬಂದ. ರೈಲು ಕೂಗಿ ಹೊರಟಿತು. ಅವನು ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ಟಿಕೆಟ್ಟುಗಳನ್ನು ಅಂಗೈಯಲ್ಲಿ ನೇವರಿಸಿದ.

ಅವತ್ತು ಅವನು ಕಾದದ್ದನ್ನು ನಾನು ಕಂಡಿರಲಿಲ್ಲ. ಇವತ್ತು ಕಣ್ತುಂಬ ಕಂಡೆ.

ಹೋಗಿ ಪಕ್ಕದಲ್ಲಿ ಕೂತೆ.

"ರೈಲು ಓಯ್ತಲ್ಲಮ್ಮೀ!"

"ನೋಡ್ದೆ."

"ನೋಡ್ದ್ಯಾ? ಎಲ್ಲಿಂದ?"

"ಅಗೋ, ಆ ಟೀ ಅಂಗ್ಡಿ ಹಿಂದಿಂದ. ಎಲ್ಲಿಗೆ ಟಿಕೆಟ್ಟು?"

"ಮಂಡ್ಯಕ್ಕೆ." ಬಾಯಿ ತೆರೆದು ನನ್ನನ್ನೇ ನೋಡಿದ. ಆಮೇಲೆ ಭುಜ ಕುಲುಕಿಸಿ ನಕ್ಕ, ರಕ್ತ ಇಳಿಯುತ್ತಿದ್ದಾಗ ನಕ್ಕ ಹಾಗೆಯೇ.

ಡಬ್ಬಿ ತೆರೆದೆ. ಒಂದು ಹೋಳು ಎತ್ತಿ ಮೆಲ್ಲಗೆ ಕಚ್ಚಿದೆ. ಅವನ ಗಂಟಲು ಏರಿ ಇಳಿಯಿತು.

"ನಂಗೂ ಒಂಚೂರು ಕೊಡಮ್ಮೀ."

"ಕೊಡ್ತೀನಿ," ಅಂದೆ. "ಎರಡನೇ ರೈಲು ಬರ್ಲಿ."