ಐವತ್ತರಲ್ಲಿ ಜಾರಿದ ದೋಣಿ

"ನಿಮ್ಮ ಸ್ಕ್ರೀನ್ ಕುಂಟ್ತಾ ಇದೆ," ಎಂದಳು ರಬಾಬ್.

ಏಣಿಯ ಮೇಲೆ ನಿಂತು ತಂತಿ ಸಿಕ್ಕಿಸುತ್ತಿದ್ದವನು ತಿರುಗಿ ನೋಡಿದ. ಅಗಲ ಭುಜ, ಮೂರು ದಿನದ ಗಡ್ಡ, ಹಲ್ಲಿನ ನಡುವೆ ಕಚ್ಚಿ ಹಿಡಿದ ಸ್ಕ್ರೂಡ್ರೈವರ್. ಅದನ್ನು ತೆಗೆದು ಜೇಬಿಗಿಟ್ಟ.

"ಸ್ಕ್ರೀನ್ ಕುಂಟಲ್ಲ ಮೇಡಂ. ಅದಕ್ಕೆ ಕಾಲಿಲ್ಲ."

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳೇನೋ. ಆದರೆ ಅಂದು ಬುಧವಾರ. ಶುಕ್ರವಾರ ಸಂಜೆ ಇದೇ ಸಮುದಾಯ ಭವನದಲ್ಲಿ ಅವಳ ಚಿತ್ರದ ಮೊದಲ ಪ್ರದರ್ಶನ. ಕಡಲತೀರದ ಅನ್ಫೂಷಿ ಬಡಾವಣೆಯ ದೋಣಿ ಬಡಗಿಗಳೆಲ್ಲ ಬರುವವರಿದ್ದರು. ಎಲ್ಲರಿಗಿಂತ ಮುಖ್ಯವಾಗಿ ಅವಳ ಅಪ್ಪ, ಆ ಬಡಗಿಗಳೆಲ್ಲ 'ಉಸ್ತಾ', ಅಂದರೆ ಮೇಸ್ತ್ರಿ, ಎಂದು ಕರೆಯುವ ಉಸ್ತಾ ಮಹ್ರೂಸ್.

ಔಷಧಿ ಅಂಗಡಿಯ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ ಮಗಳಿಗೆ ಅಪ್ಪ ಬೈದಿರಲಿಲ್ಲ, ಹೊಗಳಿರಲೂ ಇಲ್ಲ. ಮೊದಲು ಮಾಡಿ ತೋರಿಸು, ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿದ್ದರು. ರಬಾಬ್ ಒಂದು ವರ್ಷ ಅವರ ಹಿಂದೆಯೇ ಅಲೆದಳು. ಮರದ ದಿಮ್ಮಿ ಬಂದ ದಿನದಿಂದ ಹಿಡಿದು ಮೀನುದೋಣಿ ನೀರಿಗಿಳಿದ ದಿನದವರೆಗೆ ಎಲ್ಲವನ್ನೂ ಸೆರೆಹಿಡಿದಳು. ಕೊನೆಯ ದೃಶ್ಯವೇ ಇಡೀ ಚಿತ್ರದ ಪ್ರಾಣ. ನಲವತ್ತು ಸೆಕೆಂಡು... ಹೊಸ ದೋಣಿ ಜಾರುಹಲಗೆಯ ಮೇಲಿಂದ ಮೆಲ್ಲನೆ ಜಾರಿ ಸಮುದ್ರ ಸೇರುವ ದೃಶ್ಯ.

ಅದೇ ದೋಣಿ ಈಗ ಸ್ಕ್ರೀನಿನ ಮೇಲೆ ತಡೆತಡೆದು ಮುಂದೆ ಹೋಗುತ್ತಿತ್ತು. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ ಹಾಕಿದ ಹಾಗೆ.

ಸಾಲದ್ದಕ್ಕೆ ಅಪ್ಪ ಆ ಹೊತ್ತಿಗೇ ಒಳಗೆ ಬಂದಿದ್ದರು. ಮಗಳು ಬೆಳಗ್ಗೆಯಿಂದ ಏನೂ ತಿಂದಿಲ್ಲವೆಂದು ರೊಟ್ಟಿಯಲ್ಲಿ ಬೇಳೆವಡೆ ಸುತ್ತಿಸಿಕೊಂಡು ತಂದಿದ್ದರು. ಬಾಗಿಲಲ್ಲೇ ನಿಂತು ನೋಡಿದರು. ನಲವತ್ತು ವರ್ಷದಲ್ಲಿ ಇನ್ನೂರು ದೋಣಿಗಳನ್ನು ನೀರಿಗಿಳಿಸಿದ ಕಣ್ಣು ಅದು.

"ನನ್ನ ದೋಣಿ ಹೀಗೆ ಇಳೀಲಿಲ್ಲವಲ್ಲ ಮಗಳೇ," ಎಂದರು. ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದರು.

ಕೋಪವನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಏಣಿಯ ಮೇಲಿದ್ದವನ ಮೇಲೆ ಇಳಿಸಿದಳು.

ಅವನ ಹೆಸರು ಹೈಸಮ್. ಮದುವೆ, ಸಭೆ, ಕಾಲ್ಚೆಂಡಿನ ಪಂದ್ಯಗಳಿಗೆ ದೊಡ್ಡ ಸ್ಕ್ರೀನ್ ಬಾಡಿಗೆಗೆ ಕೊಡುವವನು. ಅವಳ ಮಾತನ್ನೆಲ್ಲ ಕೇಳಿಸಿಕೊಂಡು ಕೆಳಗಿಳಿದ. ಕ್ಯಾಮೆರಾ ಸೆಕೆಂಡಿಗೆ ಎಷ್ಟು ಚಿತ್ರ ಹಿಡಿದಿದೆ ಎಂದು ಕೇಳಿದ. ಇಪ್ಪತ್ತೈದು ಎಂದಳು. ಅವನು ತಲೆಯಾಡಿಸಿ, ಲ್ಯಾಪ್‌ಟಾಪಿನಲ್ಲಿ ಸ್ಕ್ರೀನಿನ ರಿಫ್ರೆಶ್ ರೇಟ್, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಚಿತ್ರ ತೋರಿಸುತ್ತದೆ ಎಂಬ ಪಟ್ಟಿ ತೆರೆದ. ಐವತ್ತು, ಅರವತ್ತು, ನೂರಿಪ್ಪತ್ತು ಹರ್ಟ್ಜ್. ಈಗ ಅರವತ್ತರಲ್ಲಿದೆ, ಐವತ್ತಕ್ಕೆ ಇಳಿಸಿದರೆ ಸರಿಹೋಗುತ್ತದೆ ಎಂದ.

"ಇಳಿಸ್ತೀರಾ?" ರಬಾಬ್‌ಗೆ ನಂಬಲಾಗಲಿಲ್ಲ. "ದೊಡ್ಡವರ ಮದುವೆಗಾದ್ರೆ ನೂರಿಪ್ಪತ್ತು, ಬಡಗಿಗಳ ಸಿನಿಮಾಕ್ಕೆ ಐವತ್ತು ಸಾಕು ಅಂತಾನಾ?"

ಹೈಸಮ್ ಏನೋ ಹೇಳಹೊರಟ. ಅವಳು ಬಿಡಲಿಲ್ಲ.

"ಎಲ್ಲಕ್ಕಿಂತ ದೊಡ್ಡದು ಯಾವುದೋ ಅದನ್ನ ಇಡಿ, ಇಂಜಿನಿಯರ್ ಸಾಹೇಬ್ರೇ."

ಅವನು ಅವಳ ಮುಖವನ್ನೊಮ್ಮೆ ನೋಡಿದ. ನೂರಿಪ್ಪತ್ತಕ್ಕಿಟ್ಟ. ಉಪಕರಣಗಳನ್ನು ಚೀಲಕ್ಕೆ ತುಂಬಿಕೊಂಡು, ರೊಟ್ಟಿ ತಣ್ಣಗಾಗ್ತಿದೆ, ಮೊದಲು ತಿನ್ನಿ ಎಂದು ಹೇಳಿ ಹೊರಟ.

ಅವಳು ಮತ್ತೆ ದೃಶ್ಯ ಹಾಕಿದಳು. ತಡೆ ಸ್ವಲ್ಪ ಕಡಿಮೆಯಾದಂತೆ ಕಂಡಿತು, ಆದರೆ ಹೋಗಿರಲಿಲ್ಲ. ದೋಣಿ ಇನ್ನೂ ಎಡವುತ್ತಿತ್ತು.

*ತಪ್ಪು ನನ್ನದೇ ಇರಬೇಕು... ನನಗೆ ಕ್ಯಾಮೆರಾ ಹಿಡಿಯಲು ಬರುವುದೇ ಇಲ್ಲವೇನೋ...*

ಮರುದಿನ ಬೆಳಗ್ಗೆ ಅಪ್ಪ ಮನೆಯಲ್ಲೇ ಮರೆತು ಹೋಗಿದ್ದ ಕನ್ನಡಕ ಕೊಡಲು ಅವಳು ದೋಣಿಕಟ್ಟೆಗೆ ಹೋದಳು. ಅರ್ಧ ಕಟ್ಟಿದ ದೋಣಿಯ ನೆರಳಿನಲ್ಲಿ ಅಪ್ಪ ಮರದ ತುಂಡಿನ ಮೇಲೆ ಕುಳಿತಿದ್ದರು. ಎದುರಿಗೆ ಹೈಸಮ್. ಇಬ್ಬರ ಕೈಯಲ್ಲೂ ಚಹಾ. ಇಬ್ಬರೂ ನಗುತ್ತಿದ್ದರು.

ರಬಾಬ್‌ಗೆ ಸಿಟ್ಟು ಬಂತು. ನಿನ್ನೆ ಜಗಳವಾಡಿದವನು ಇಂದು ಅಪ್ಪನ ಮುಂದೆ... ಅವಳಿಗೆ ಇನ್ನೇನೂ ಹೊಳೆಯಲಿಲ್ಲ.

"ನನ್ನ ಮೇಲೆ ದೂರು ಹೇಳೋಕೆ ಇಲ್ಲೀವರೆಗೂ ಬಂದ್ರಾ?"

ಅವನ ನಗು ನಿಂತಿತು. ಎದ್ದು ನಿಂತು ಚಹಾದ ಲೋಟವನ್ನು ಜೋಪಾನವಾಗಿ ಹಲಗೆಯ ಮೇಲಿಟ್ಟ. ಸ್ಕ್ರೀನ್ ನಾಳೆಯವರೆಗೂ ಅಲ್ಲೇ ಇರುತ್ತದೆ, ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಿ ಎಂದ. ಅಪ್ಪನಿಗೆ ವಂದಿಸಿ, ಮರದ ಹೊಟ್ಟು ಅಂಟಿದ ಪ್ಯಾಂಟನ್ನು ಕೊಡವಿಕೊಳ್ಳುತ್ತ ನಡೆದ. ಹಿಂತಿರುಗಿ ನೋಡಲಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ಮಗಳನ್ನು ದಿಟ್ಟಿಸಿದರು.

"ಆ ಹುಡುಗ ಯಾಕೆ ಬಂದಿದ್ದ ಗೊತ್ತೇನೇ? ನಿನ್ನೆ ದೋಣಿ ಕುಂಟಿದ್ದು ನಿಮ್ಮ ಮಗಳ ತಪ್ಪಲ್ಲ, ನನ್ನ ಸ್ಕ್ರೀನಿಂದು ಅಂತ ಹೇಳೋಕೆ. ಅಪ್ಪ ತಪ್ಪು ತಿಳ್ಕೊಂಡು ಹೋಗಿಬಿಟ್ರಲ್ಲ ಅಂತ ಅವನಿಗೆ ರಾತ್ರಿಯೆಲ್ಲ ಕೊರೆದಿತ್ತಂತೆ."

ಅಪ್ಪ ಎದ್ದು ಅರ್ಧ ಕಟ್ಟಿದ ದೋಣಿಯ ಪಕ್ಕೆಗಳ ಮೇಲೆ ಒಂದೊಂದಾಗಿ ಕೈಯಿಟ್ಟು ತೋರಿಸಿದರು.

"ನನಗೆ ಅವನು ಹೇಳಿದ್ದು ಅರ್ಥ ಆಯ್ತು. ಪಕ್ಕೆಗಳನ್ನ ಸಮ ಅಂತರದಲ್ಲಿ ನಿಲ್ಲಿಸದಿದ್ರೆ ಮೇಲಿನ ಹಲಗೆ ಉಬ್ಬುತಗ್ಗು ಆಗುತ್ತೆ. ನಿಂದೂ ಹಾಗೇ. ಇಪ್ಪತ್ತೈದು ಚಿತ್ರಾನ ಅರವತ್ತು ಜಾಗಕ್ಕೆ ಹಂಚಿದ್ರೆ ಒಂದು ಚಿತ್ರ ಎರಡು ಸಲ ಕಾಣುತ್ತೆ, ಇನ್ನೊಂದು ಮೂರು ಸಲ. ಕಣ್ಣು ಎಡವುತ್ತೆ. ಐವತ್ತಾದ್ರೆ ಎಲ್ಲಕ್ಕೂ ಎರಡೆರಡು, ಜಗಳವೇ ಇಲ್ಲ."

"ನೂರಿಪ್ಪತ್ತಾದ್ರೆ?"

"ಇಪ್ಪತ್ತೈದನ್ನ ನೂರಿಪ್ಪತ್ತಕ್ಕೆ ಸಮ ಹಂಚು ನೋಡೋಣ. ಶಾಲೆಗೆ ಹೋಗಿದ್ದು ನೀನು ತಾನೆ?"

ಅವಳು ಮನಸ್ಸಿನಲ್ಲೇ ಹಂಚಿ ನೋಡಿದಳು. ಹೊಂದಲಿಲ್ಲ. ದೊಡ್ಡದನ್ನು ಆರಿಸಿದರೆ ಸಾಲದು, ಹೊಂದುವುದನ್ನು ಆರಿಸಬೇಕಿತ್ತು. ಅದನ್ನೇ ಹೇಳಬಂದವನ ಬಾಯಿ ಮುಚ್ಚಿಸಿದ್ದಳು. ಅಷ್ಟೇ ಅಲ್ಲ, ತನ್ನ ಮಾನ ಉಳಿಸಲು ಬಂದವನನ್ನೇ ಅಪ್ಪನೆದುರು ಅವಮಾನಿಸಿದ್ದಳು.

ಅಲ್ಲಿಂದ ಭವನದವರೆಗೂ ಅವಳು ಹೆಚ್ಚುಕಡಿಮೆ ಓಡಿದಳು. ಖಾಲಿ ಕುರ್ಚಿಗಳ ನಡುವೆ ಲ್ಯಾಪ್‌ಟಾಪ್ ತೆರೆದಳು. ನೂರಿಪ್ಪತ್ತರಿಂದ ಐವತ್ತಕ್ಕೆ ತಂದಳು. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು.

ದೋಣಿ ಜಾರಿತು.

ಎಲ್ಲೂ ನಿಲ್ಲದೆ, ಎಲ್ಲೂ ಅದುರದೆ, ಎಣ್ಣೆ ಹಚ್ಚಿದ ಹಲಗೆಯ ಮೇಲೆ ಅಂದು ಹೇಗೆ ಇಳಿದಿತ್ತೋ ಹಾಗೆಯೇ ಇಳಿಯಿತು. ನೀರು ಎರಡು ಬದಿಗೆ ಸೀಳಿಕೊಂಡಿತು. ರಬಾಬ್ ಅಳುತ್ತಲೇ ನಕ್ಕಳು. ಮೂರು ಸಲ ನೋಡಿದಳು. ನಾಲ್ಕನೆಯ ಸಲಕ್ಕೆ ಒಬ್ಬಳೇ ನೋಡಲು ಮನಸ್ಸಾಗಲಿಲ್ಲ. ಫೋನ್ ಎತ್ತಿಕೊಂಡಳು.

"ನಾನು... ರಬಾಬ್."

ಆ ಕಡೆ ಸ್ಕ್ರೂಡ್ರೈವರ್ ಕೆಳಗಿಟ್ಟ ಸದ್ದು.

"ಐವತ್ತಕ್ಕಿಟ್ಟೆ."

"ಹೇಗಿದೆ?" ಅವನ ದನಿಯಲ್ಲಿ ಬಿಗುವು ಇನ್ನೂ ಇತ್ತು.

"ಬಂದು ನೋಡಿ. ನಾನು ಕ್ಷಮೆ ಕೇಳೋದು ಬಾಕಿ ಇದೆ, ಫೋನಲ್ಲಿ ಕೇಳಿದ್ರೆ ಸರಿ ಅನ್ಸಲ್ಲ."

ಹತ್ತೇ ನಿಮಿಷದಲ್ಲಿ ಬಂದ. ಕ್ಷಮೆ ಕೇಳಲು ಅವಳು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಅವನನ್ನು ನೋಡಿದ ಕೂಡಲೇ ಚದುರಿಹೋದವು. ನನ್ನದು ತಪ್ಪಾಯಿತು ಎಂದಷ್ಟೇ ಹೇಳಿದಳು. ನಿನ್ನೆ ಸರಿಯಾಗಿ ಬಿಡಿಸಿ ಹೇಳದೆ ಹೋಗಿದ್ದು ತನ್ನದೂ ತಪ್ಪೇ ಎಂದ ಅವನು. ಇಬ್ಬರೂ ಮುಂದಿನ ಸಾಲಿನಲ್ಲಿ ಕುಳಿತರು. ದೋಣಿ ನೀರು ಮುಟ್ಟಿದಾಗ ಅವಳು ಸ್ಕ್ರೀನ್ ನೋಡುತ್ತಿರಲಿಲ್ಲ. ಅದನ್ನು ನೋಡುತ್ತಿದ್ದ ಅವನ ಮುಖವನ್ನು ನೋಡುತ್ತಿದ್ದಳು. ಮಕ್ಕಳ ಹಾಗೆ ಬಾಯಿ ತೆರೆದಿದ್ದ.

*ಇವನು ಇಷ್ಟು ಚೆನ್ನಾಗಿದ್ದಾನೆ ಎಂದು ನಿನ್ನೆ ನನಗೇಕೆ ಕಾಣಲಿಲ್ಲ...*

ಶುಕ್ರವಾರ ಸಂಜೆ ಭವನ ತುಂಬಿತು. ಬಡಗಿಗಳು ತಮ್ಮ ತಮ್ಮ ಮುಖ ಬಂದಾಗಲೆಲ್ಲ ಒಬ್ಬರನ್ನೊಬ್ಬರು ತಿವಿದು, ನಿನ್ನ ಹೊಟ್ಟೆ ಸ್ಕ್ರೀನಿನಲ್ಲಿ ಹಿಡಿಯುತ್ತಿಲ್ಲ ಎಂದೆಲ್ಲ ಗೇಲಿ ಮಾಡಿದರು. ಕೊನೆಯ ದೃಶ್ಯ ಬಂದಾಗ ಎಲ್ಲ ಸದ್ದೂ ಅಡಗಿತು. ದೋಣಿ ಜಾರಿತು, ನೀರಿಗಿಳಿಯಿತು. ದೀಪ ಹತ್ತಿತು.

ಎಲ್ಲರೂ ಉಸ್ತಾ ಮಹ್ರೂಸ್‌ರತ್ತ ನೋಡಿದರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು.

"ಇನ್ನೊಂದ್ಸಲ ಹಾಕು ಮಗಳೇ," ಎಂದರು. ಆಮೇಲೆ ಪಕ್ಕದವರ ಕಡೆ ತಿರುಗಿ, ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ಹೇಳಿದರು: "ಇದನ್ನ ಮಾಡಿದ್ದು ನನ್ನ ಮಗಳು."

ಆ ಬೇಸಿಗೆಯಿಡೀ ಚಿತ್ರ ಊರೂರು ತಿರುಗಿತು. ದೋಣಿ ಕಟ್ಟುವ ಊರುಗಳವರೆಲ್ಲ ನಮಗೂ ತೋರಿಸಿ ಎಂದು ಕರೆದರು. ಸ್ಕ್ರೀನ್ ಹೈಸಮ್‌ನದು, ಪಿಕಪ್ ಗಾಡಿಯೂ ಅವನದೇ. ದಾರಿಯುದ್ದಕ್ಕೂ ಅವರು ವಾದ ಮಾಡಿದರು, ಹುರಿದ ಕಡಲೆ ತಿಂದರು, ಒಂದು ಸಲ ದಾರಿ ತಪ್ಪಿ ಟೊಮೇಟೊ ತೋಟದೊಳಗೆ ಹೋಗಿ ನಿಂತರು. ಅವನು ಇಲ್ಲದ ದಿನಗಳು ತನಗೆ ಉದ್ದವಾಗಿ ಕಾಣುತ್ತಿವೆ ಎಂಬುದು ರಬಾಬ್‌ಗೆ ಗೊತ್ತಾಗಿ ಎರಡು ತಿಂಗಳಾಗಿತ್ತು. ಅವನು ಮಾತ್ರ ಏನೂ ಹೇಳುತ್ತಿರಲಿಲ್ಲ.

ರಶೀದ್‌ ಎಂಬ ಊರಿನಲ್ಲಿ ನೈಲ್ ನದಿಯ ದಡದ ಮೇಲೆ ಕೊನೆಯ ಪ್ರದರ್ಶನ ಮುಗಿಯಿತು. ಇಬ್ಬರೂ ಸ್ಕ್ರೀನಿಗೆ ಕಂಬಳಿ ಸುತ್ತಿ ಗಾಡಿಗೆ ಏರಿಸುತ್ತಿದ್ದರು. ಹೈಸಮ್ ಹಗ್ಗ ಬಿಗಿಯುತ್ತಾ, ಅವಳ ಕಡೆ ನೋಡದೆ, ಇನ್ನು ಮುಂದೆ ಯಾವ ಊರೂ ಬಾಕಿಯಿಲ್ಲವಲ್ಲ ಎಂದ.

"ಇಲ್ಲ."

"ಹಾಗಾದ್ರೆ ನಿಮ್ಮನ್ನ ನೋಡೋಕೆ ನನಗಿನ್ನು ಬೇರೆ ನೆಪ ಇಲ್ಲ." ಗಂಟು ಹಾಕಿ ಮುಗಿದರೂ ಅವನ ಕೈ ಹಗ್ಗದ ಮೇಲೇ ಇತ್ತು. "ನೆಪ ಇಲ್ಲದೇನೂ ನೋಡ್ಬೇಕು ಅನ್ಸುತ್ತೆ ರಬಾಬ್. ದಿನಾ. ಬರೋ ಶುಕ್ರವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

ಎರಡು ತಿಂಗಳಿಂದ ಕಾಯುತ್ತಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಬಾಯಿಗೆ ಬಂದದ್ದು ಇಷ್ಟೇ.

"ಬರೋವಾಗ ಸಿಹಿ ತರ್ಬೇಡಿ. ಅಪ್ಪಂಗೆ ಸಕ್ಕರೆ ಕಾಯಿಲೆ."

ಅವನು ತಲೆಯೆತ್ತಿದ. ಅವಳ ಕಣ್ಣು ನೋಡಿದ ಮೇಲೆ ಅವನ ಮುಖ ನಿಧಾನವಾಗಿ ಅರಳಿತು.

"ಮಗಳಿಗೆ?"

"ಮಗಳಿಗೆ ಇಲ್ಲ," ಎಂದಳು ರಬಾಬ್ ನಗುತ್ತಾ. "ಅವಳಿಗೆ ಒಂದು ಡಬ್ಬಿ ತನ್ನಿ. ಅಪ್ಪಂಗೆ ಕಾಣದ ಹಾಗೆ ನನ್ನ ಕೈಗೇ ಕೊಡಿ."