ಕ್ಯಾಪ್ಟನ್ ಬರೆದ ಕಾಗದಗಳು

"ಆ ಕಾಲಂನಾಗೆ ನಮ್ಮ ಆಟ ಬರೀಬ್ಯಾಡ, ಸುಧಾ," ಎಂದ ಬಕ್ಕೇಶ್, ಅವಳ ಮುಖ ನೋಡದೆ.

ಸುಧಾಳ ಪೆನ್ನು ಫಾರಂ ಮೇಲೆ ಹಾಗೇ ನಿಂತಿತು. ಎರಡು ವರ್ಷದಿಂದ ಪ್ರತಿ ಭಾನುವಾರ ಹರಿಹರದಲ್ಲಿ ಬಸ್ಸು ಹತ್ತಿ ದಾವಣಗೆರೆಯ ಮಂಡಿಪೇಟೆಯ ಈ ಮಹಡಿ ಕೋಣೆಗೆ ಬರುತ್ತಿದ್ದವಳು ಅವಳು. ಕೆಳಗೆ ಬಕ್ಕೇಶನ ಅಪ್ಪ ಮುರುಗೇಶಪ್ಪನವರ ಪ್ರೆಸ್ಸು, ಸುತ್ತಮುತ್ತಲ ಮದುವೆಗಳ ಕಾರ್ಡು ಅಚ್ಚಾಗುವ ಜಾಗ. ಮೇಲೆ ಇವರ ಆಟ.

ಆಟವೆಂದರೆ ಫೋನಿನಲ್ಲಿ ಗುಂಡು ಹಾರಿಸುವ ಆಟವಲ್ಲ. ಬಕ್ಕೇಶ್ ಒಂದು ಕತೆ ಹೇಳುತ್ತಾನೆ. ಕಾಡು, ಕೋಟೆ, ಬೆಂಕಿ ಉಗುಳುವ ಪ್ರಾಣಿ, ಮಾತಿಗೆ ತಪ್ಪುವ ರಾಜ. ಉಳಿದ ಮೂವರು ಆ ಕತೆಯೊಳಗಿನ ಜನ. ದೊಡ್ಡದೊಂದು ಕಷ್ಟ ತಂದು ಮುಂದಿಟ್ಟು ಅವನು "ಈಗ ಏನ್ ಮಾಡ್ತಿ?" ಎಂದು ಕೇಳುತ್ತಾನೆ. ಇವರು ಹೇಳಿದ್ದು ಫಲಿಸುತ್ತದೋ ಇಲ್ಲವೋ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಸುಧಾಳ ಗೆಳತಿ ಸನೋಬರ್ ಮಂತ್ರವಾದಿ, ಪ್ರೆಸ್ಸಿನಲ್ಲೇ ಕೆಲಸ ಮಾಡುವ ಮಹೇಂದ್ರ ಕಳ್ಳ, ಸುಧಾ ಹನ್ನೆರಡು ಜನರ ಪಡೆಗೆ ನಾಯಕಿ. ಕ್ಯಾಪ್ಟನ್ ಎಂಬ ಹೆಸರು ಅವಳಿಗೆ ಅಂಟಿಕೊಂಡದ್ದು ಅಲ್ಲಿಂದಲೇ. ನಕ್ಷೆ ಬರೆಯಲು ಕಾಗದಕ್ಕೆ ಬರವಿರಲಿಲ್ಲ, ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತಿತ್ತಲ್ಲ.

ಈಗ ಮುಂದಿದ್ದ ಫಾರಂ ಸೈನ್ಯದ್ದು. ಅಧಿಕಾರಿಯಾಗಲು ಬರೆದ ಪರೀಕ್ಷೆಯಲ್ಲಿ ಸುಧಾ ಪಾಸಾಗಿದ್ದಳು. ಬೆಂಗಳೂರಿನಲ್ಲಿ ಐದು ದಿನದ ಆಯ್ಕೆ ಬಾಕಿ. ಅಲ್ಲಿ ತುಂಬಬೇಕಾದ ಫಾರಮ್ಮಿನ ನಕಲೊಂದನ್ನು ಅಭ್ಯಾಸಕ್ಕೆಂದು ತಂದಿದ್ದಳು. ಇಪ್ಪತ್ತೈದು ತುಂಬುತ್ತ ಬಂದವಳಿಗೆ ಇದೇ ಕೊನೆಯ ಅವಕಾಶ. ಎಲ್ಲ ತುಂಬಿ ಬಂದು, ಹವ್ಯಾಸ ಎಂಬಲ್ಲಿ ತಡೆದಿದ್ದಳು.

"ಯಾಕ ಬರೀಬಾರದು?"

ಯಾವುದೋ ದೇಶದ ಸೈನ್ಯದಲ್ಲಿ ಇಂಥ ಆಟ ಆಡುವವರನ್ನು ಮನಸ್ಸು ಗಟ್ಟಿಯಿಲ್ಲದವರು, ಕಲ್ಪನೆಗೂ ನಿಜಕ್ಕೂ ವ್ಯತ್ಯಾಸ ತಿಳಿಯದವರು ಎಂದು ಬದಿಗಿಡುತ್ತಾರಂತೆ. ಫೋನಿನಲ್ಲಿ ಓದಿದ್ದನ್ನು ಬಕ್ಕೇಶ್ ಹೇಳಿದ. ಹೇಳುವಾಗ ಅವನ ಕಿವಿ ಕೆಂಪಾಗಿದ್ದವು. ತಟ್ಟೆಯ ಮಂಡಕ್ಕಿಯಿಂದ ಶೇಂಗಾ ಆರಿಸಿ ಅವಳ ಕಡೆ ಸರಿಸುವುದು ಅವನ ಹಳೆಯ ಚಾಳಿ. ಇವತ್ತೂ ಸರಿಸುತ್ತಿದ್ದ. ಸುಧಾಳಿಗೆ ಮಾತ್ರ ಮೈ ಉರಿಯಿತು.

"ಆಟ ಕಟ್ಟಿದೋನು ನೀನು. ನಿನಗೇ ನಾಚಿಕೆ ಆದ್ರೆ ನಾನೇನ್ ಹೇಳ್ಲಿ," ಎಂದವಳು ಶೇಂಗಾಗಳನ್ನು ಅವನ ಕಡೆಗೇ ತಳ್ಳಿ ಎದ್ದು ಹೋದಳು. ಎರಡು ಭಾನುವಾರ ಬರಲಿಲ್ಲ.

ಅವಳಿಗೆ ಸುಳ್ಳು ಬರೆಯುವ ಭಯ ಸುಮ್ಮನೆ ಬಂದದ್ದಲ್ಲ. ಹೋದ ವರ್ಷ ಇದೇ ಕಾಲಮ್ಮಿನಲ್ಲಿ ತೋಟಗಾರಿಕೆ ಎಂದು ಬರೆದಿದ್ದಳು, ಅಪ್ಪನ ಸಲಹೆಯಂತೆ. ಗುಲಾಬಿಗೆ ಕಸಿ ಹೇಗೆ ಕಟ್ಟುತ್ತೀರಿ ಎಂದು ಸಂದರ್ಶನದ ಅಧಿಕಾರಿ ನಗುನಗುತ್ತ ಕೇಳಿದ್ದರು. ಮನೆಯಲ್ಲಿ ಇದ್ದದ್ದು ಒಂದು ತುಳಸಿ, ಒಂದು ಕನಕಾಂಬರ, ಅವೆರಡಕ್ಕೂ ನೀರು ಹಾಕುತ್ತಿದ್ದದ್ದು ಅವಳ ಅವ್ವ ಉಚ್ಚೆಂಗೆಮ್ಮ. ಸುಧಾ ಬೆವರಿದಳು. ಆಯ್ಕೆಯಾಗಲಿಲ್ಲ.

ಅಪ್ಪ ಪಾಲಯ್ಯ ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಹರಿಹರದ ಹೊಳೆ ದಂಡೆಯ ಮೈದಾನದಲ್ಲಿ ಸೈನ್ಯಕ್ಕೆ ಸೇರುವ ಹುಡುಗ ಹುಡುಗಿಯರನ್ನು ಓಡಿಸಿ ತಯಾರು ಮಾಡುತ್ತಿದ್ದರು. ಮಗಳ ಭಾನುವಾರಗಳ ಬಗ್ಗೆ ಅವರಿಗೆ ಗೊತ್ತಿತ್ತು, ಇಷ್ಟವಿರಲಿಲ್ಲ. ಪ್ರೆಸ್ಸಿನ ಮೇಲಿನ ದೆವ್ವದಾಟ ಎಂದೇ ಅದನ್ನು ಕರೆಯುತ್ತಿದ್ದರು. ಈ ಸಲ ಓಟ, ಕಬಡ್ಡಿ ಎಂದು ಬರೆ ಎಂದರು.

ಅವರ ಮಾತಿನ ಹಿಂದೆ ಒಂದು ಸಾವಿತ್ತು. ಹಿಮದ ಪೋಸ್ಟಿನಲ್ಲಿ ಅವರ ಕೈಕೆಳಗೆ ಒಬ್ಬ ಹುಡುಗನಿದ್ದ. ಕತೆಗಾರ, ಸದಾ ಏನೋ ಯೋಚಿಸುತ್ತ ಇರುವವನು. ಒಂದು ದಿನ ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟ, ಹಿಮದ ಬಿರುಕಿಗೆ ಬಿದ್ದ, ಅಷ್ಟೇ. ಅವನ ಟ್ರಂಕನ್ನು ಊರಿಗೆ ಮುಟ್ಟಿಸಿದವರು ಪಾಲಯ್ಯ. ಕಣ್ಣೆದುರು ಇರುವುದನ್ನು ಬಿಟ್ಟು ಇಲ್ಲದ್ದನ್ನು ನೋಡುವವನ ಕೈಗೆ ಬಂದೂಕು ಕೊಡಬಾರದು ಎಂಬುದು ಅಂದಿನಿಂದ ಅವರ ನಿಯಮ. ಸುಧಾ ಈ ಕತೆಯನ್ನು ಹತ್ತು ಸಲ ಕೇಳಿದ್ದಳು.

ಮೂರನೆಯ ಭಾನುವಾರ ಬೆಳಗ್ಗೆ ಆರಕ್ಕೆ ಮೈದಾನದ ಅಂಚಿನಲ್ಲಿ ಬಕ್ಕೇಶ್ ಬಂದು ನಿಂತಿದ್ದ. ಇಸ್ತ್ರಿ ಅಂಗಿ, ಕಾಲಲ್ಲಿ ಚಪ್ಪಲಿ, ಹೆಗಲಿಗೆ ಚೀಲ. ಹುಡುಗಿಯರ ಸಾಲಿನ ಮುಂದೆ ಓಡುತ್ತಿದ್ದ ಸುಧಾ ಅವನನ್ನು ನೋಡಿಯೂ ನೋಡದವಳಂತೆ ದಾಟಿ ಹೋದಳು. ಪಾಲಯ್ಯ ನೋಡಿದರು.

"ಯಾರಪ್ಪ?"

"ಪ್ರೆಸ್ ಮುರುಗೇಶಪ್ಪನವರ ಮಗ ಸಾರ್. ಸುಧಾ ಹತ್ರ ಮಾತಾಡ್ಬೇಕಿತ್ತು."

"ಈ ಮೈದಾನದಾಗೆ ನಿಂತು ಮಾತಾಡಂಗಿಲ್ಲ. ಎರಡು ರೌಂಡ್ ಓಡು."

ಅವನು ಚಪ್ಪಲಿ ಬಿಟ್ಟು ಓಡಿದ. ಮದುವೆ ಕಾರ್ಡಿನ ಅಂಗಡಿಯಲ್ಲಿ ಕೂತು ಬೆಳೆದ ಮೈ, ಅರ್ಧ ಸುತ್ತಿಗೇ ಸೋತಿತು. ಸುಧಾ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ಓಟ ನಿಧಾನಿಸಿದಳು. ಮುಖ ಗಂಟಿಕ್ಕಿಕೊಂಡೇ ಇದ್ದಳು, ತುಟಿಯ ತುದಿ ಮಾತ್ರ ಮಾತು ಕೇಳುತ್ತಿರಲಿಲ್ಲ.

"ಯಾಕ ಬಂದಿ?"

"ಮಾತಾಡಕ್ಕೆ."

"ಮಾತಾಡೋಷ್ಟು ಉಸಿರು ಐತಾ?"

"ಇಲ್ಲ," ಎಂದ. ನಾಲ್ಕು ಹೆಜ್ಜೆ ಓಡಿ, ಉಸಿರು ಎಳೆದುಕೊಂಡು ಹೇಳಿದ. "ನಾಚಿಕೆ ಅಲ್ಲ ಕಣೇ. ನನ್ನ ಆಟದ ದೆಸೆಯಿಂದ ನಿನಗೆ ಸಿಗೋದು ತಪ್ಪಿಬಿಟ್ರೆ ಅಂತ ಹೆದರಿಕೆ."

"ನಿನ್ನ ಆಟ ಅಂತ ಯಾರ್ ಹೇಳಿದ್ದು? ಆ ಹನ್ನೆರಡು ಜನ ನನ್ನೋರು. ಅವರನ್ನ ಇಲ್ಲ ಅಂದು ನಾನು ಯಾವ ಸೈನ್ಯಕ್ಕೂ ಹೋಗಲ್ಲ."

ಬಕ್ಕೇಶ್ ನಿಂತೇಬಿಟ್ಟ. ಬೆವರು ಸುರಿಯುವ ಮುಖದಲ್ಲಿ ಅವಳನ್ನು ನೋಡಿದ ರೀತಿ ಹೊಸದಾಗಿತ್ತು. ಅಥವಾ ಅದು ಹಳೆಯದೇ ಇದ್ದು ಇವಳೇ ಈಗ ಗಮನಿಸಿದ್ದೋ. ಸುಧಾ ಕಣ್ಣು ತಿರುಗಿಸಿ ಹೊಳೆಯ ಕಡೆ ನೋಡಿದಳು. ಅಪ್ಪನ ಸೀಟಿ ಕೇಳಿಸಿತು.

ಓಟ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ಕೂತ ಪಾಲಯ್ಯ ನೇರವಾಗಿ ಕೇಳಿದರು. ನನ್ನ ಮಗಳು ಅಲ್ಲಿ ಏನು ಮಾಡುತ್ತಾಳೆ, ದೆವ್ವ ಹೊಡೆಯುತ್ತಾಳಾ? ಬಕ್ಕೇಶ್ ಚೀಲದಿಂದ ಅರಿಸಿನ ಬಣ್ಣದ ದೊಡ್ಡದೊಂದು ಲಗ್ನಪತ್ರಿಕೆಯ ಕವರು ತೆಗೆದು ಅವರ ಕೈಗಿಟ್ಟ.

ಕವರಿನೊಳಗಿಂದ ಇಣುಕಿದ್ದನ್ನು ಸುಧಾ ಗುರುತಿಸಿದಳು. ಅವಳು ಮರೆತೇಬಿಟ್ಟಿದ್ದ ಕಾಗದಗಳು ಅವು. ಆಟದಲ್ಲಿ ದಾಳ ಕೆಟ್ಟು ಅವಳ ಪಡೆಯವರು ಯಾರಾದರೂ ಸತ್ತರೆ ಉಳಿದವರು ಅಯ್ಯೋ ಎಂದು ಮುಂದಿನ ಮಂಡಕ್ಕಿ ತಟ್ಟೆಗೆ ಕೈ ಹಾಕುತ್ತಿದ್ದರು. ಅವಳು ಮಾತ್ರ ಒಂದು ಮೂಲೆಗೆ ಹೋಗಿ, ಸತ್ತವನ ಮನೆಗೆ ಕಾಗದ ಬರೆಯದೆ ಆಟ ಮುಂದುವರಿಸುತ್ತಿರಲಿಲ್ಲ. ಇಲ್ಲದ ಊರಿನ, ಇಲ್ಲದ ತಾಯಂದಿರಿಗೆ. ಎರಡು ವರ್ಷದಲ್ಲಿ ಐದು ಕಾಗದ. ಅವೆಲ್ಲ ರದ್ದಿಗೆ ಹೋದವೆಂದು ತಿಳಿದಿದ್ದಳು.

"ನೀನು ಇವನ್ನ ಇಟ್ಟಿದ್ಯಾ?"

"ನೀನು ಬರೆದಿದ್ದಲ್ವಾ," ಎಂದ ಬಕ್ಕೇಶ್, ಅದಕ್ಕಿಂತ ದೊಡ್ಡ ಕಾರಣ ಬೇಕೇ ಎನ್ನುವಂತೆ. ಕಿವಿ ಮತ್ತೆ ಕೆಂಪಾದವು.

ಪಾಲಯ್ಯ ಕನ್ನಡಕ ಹಾಕಿಕೊಂಡು ಮೊದಲ ಕಾಗದ ಬಿಡಿಸಿದರು.

"ಅಮ್ಮಾ, ನಿಮ್ಮ ಮಗ ಓಡಿಹೋಗಲಿಲ್ಲ. ಹಿಂದಿದ್ದವರು ಹೊಳೆ ದಾಟಲಿ ಎಂದು ದಂಡೆಯ ಮೇಲೆ ನಿಂತ. ಅಲ್ಲಿ ನಿಲ್ಲು ಎಂದು ಹೇಳಿದವಳು ನಾನು. ದಾಟುವ ಜಾಗ ಆರಿಸಿದವಳೂ ನಾನು. ಬೇರೆ ಜಾಗ ಹುಡುಕಬಹುದಿತ್ತು ಎಂದು ಈಗ ಅನ್ನಿಸುತ್ತದೆ. ತಪ್ಪು ನನ್ನದು, ಅವನದಲ್ಲ. ಊಟಕ್ಕೆ ಕೂತಾಗ ಅವನು ನಿಮ್ಮ ಕೈಯ ರೊಟ್ಟಿಯ ಮಾತು ತೆಗೆಯದ ದಿನವಿಲ್ಲ."

ಐದನ್ನೂ ಓದಿದರು. ಹುಡುಗ ಹುಡುಗಿಯರು ಮನೆಗೆ ಹೋಗಿ ಮೈದಾನ ಖಾಲಿಯಾಯಿತು. ಕೊನೆಗೆ ಅವರು ಮಾತಾಡಿದಾಗ ಸುಧಾ ಹಿಂದೆಂದೂ ಕೇಳದ ಭಾಗವೊಂದು ಆ ಹಳೆಯ ಕತೆಗೆ ಸೇರಿತು. ಟ್ರಂಕಿನ ಜೊತೆ ಒಂದು ಕಾಗದ ಹೋಗಿತ್ತಂತೆ. ಇಂಗ್ಲಿಷಿನಲ್ಲಿ ಎರಡೇ ಸಾಲು. ಆ ಹುಡುಗನ ತಾಯಿಗೆ ಅದನ್ನು ಓದಿ ಹೇಳಬೇಕಾಗಿ ಬಂದದ್ದು ಪಾಲಯ್ಯನವರಿಗೆ. ಇಷ್ಟೇನಾ ಬರೆದಿರೋದು, ಇನ್ನೇನೂ ಇಲ್ಲವಾ ಎಂದು ಆಕೆ ಮತ್ತೆ ಮತ್ತೆ ಕೇಳಿದರಂತೆ.

"ಆ ದಿನ ಇಂಥದ್ದೊಂದು ಕಾಗದ ನನ್ನ ಕೈಯಾಗೆ ಇದ್ದಿದ್ರೆ," ಎಂದವರು ಅಲ್ಲಿಗೇ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ ಸುಬೇದಾರರ ದನಿ ವಾಪಸು ಬಂತು. "ಏನ್ ಬರೀಬೇಕೋ ಬರಿ. ಕೇಳಿದ್ರೆ ತೊದಲಬ್ಯಾಡ, ಅಷ್ಟೇ."

ಬೆಂಗಳೂರಿನಲ್ಲಿ ನಾಲ್ಕನೆಯ ದಿನ ಸಂದರ್ಶನ. ತಲೆ ನೆರೆತ ಕರ್ನಲ್ ಒಬ್ಬರು ಫಾರಂ ನೋಡಿ ಹುಬ್ಬು ಏರಿಸಿದರು. ಹಾಗಾದರೆ ನೀವು ಭಾನುವಾರ ರಾಕ್ಷಸರ ಜೊತೆ ಯುದ್ಧ ಮಾಡುವವರು ಎಂದರು. ಹೌದು ಎಂದಳು ಸುಧಾ. ಗುಲಾಬಿಯ ಕಸಿಗೆ ಬೆವರಿದವಳು ಈಗ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆಟ ಹೇಗೆ, ಮುಂದೇನಿದೆ ಎಂದು ಗೊತ್ತಿಲ್ಲದೆ ಹೇಗೆ ನಿರ್ಧರಿಸಬೇಕು, ನಿರ್ಧಾರ ಕೆಟ್ಟರೆ ಏನು, ಎಲ್ಲ ಹೇಳಿದಳು. ಕಾಗದಗಳ ಮಾತೂ ಬಂತು. ಕರ್ನಲ್ ಮುಂದಕ್ಕೆ ಬಾಗಿದರು. ಸತ್ತವರು ಸುಳ್ಳು, ತಾಯಂದಿರು ಸುಳ್ಳು, ಮತ್ತೆ ಕಾಗದ ಯಾರಿಗೆ?

"ಸತ್ತವನು ಸುಳ್ಳು ಸರ್. ಅವನನ್ನು ಅಲ್ಲಿ ನಿಲ್ಲಿಸಿದ ನಿರ್ಧಾರ ನನ್ನದು, ಅದು ಸುಳ್ಳಲ್ಲ."

ಕರ್ನಲ್ ಫಾರಮ್ಮಿನ ಅಂಚಿನಲ್ಲಿ ಏನೋ ಬರೆದುಕೊಂಡರು.

ಮರುದಿನ ಆಯ್ಕೆಯಾದವರ ನಂಬರ್ ಕೂಗಿದಾಗ ನೂರಾರು ಜನರಲ್ಲಿ ಏಳು ನಂಬರ್. ಐದನೆಯದು ಸುಧಾಳದ್ದು. ಅವಳು ಎದ್ದು ನಿಂತು ತನ್ನ ಎದೆಯ ಮೇಲಿನ ನಂಬರನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದಳು. ಆ ಕಡೆ ಮೇಜಿನ ಮೇಲೆ ದಾಳ ಉರುಳಿದ ಸದ್ದು, ಜೊತೆಗೆ ಮಹೇಂದ್ರನ ದನಿ. ಅಲ್ಲಿ ಸೇತುವೆ ಇಲ್ಲ ಸಾರ್ ಎಂದು ಅವನು ಗೋಳಾಡುತ್ತಿದ್ದ.

"ಅಪ್ಪ, ಎಲ್ಲಿದ್ದಿ?"

ಮನೆಯಲ್ಲಿ ಕೂತು ಕಾಯಲಾರದೆ ಪ್ರೆಸ್ಸಿನ ಮಹಡಿಗೆ ಬಂದಿದ್ದರಂತೆ. ಸುದ್ದಿ ಕೇಳಿ ಶಾಬಾಷ್ ಎಂದರು. ಆಮೇಲೆ ಫೋನನ್ನು ಬಕ್ಕೇಶನಿಗೆ ಕೊಟ್ಟರು. ಆಯ್ಕೆಯಾಯಿತು ಎಂಬ ಮಾತನ್ನು ಅವನು ಅವಳ ಬಾಯಿಂದ ಎರಡು ಸಲ ಹೇಳಿಸಿಕೊಂಡ. ಸುಧಾಳಿಗೆ ಅಷ್ಟರಲ್ಲೇ ಹೊಟ್ಟೆ ತುಂಬಿತು.

ಚೆನ್ನೈನ ತರಬೇತಿಗೆ ಹೊರಟ ಬೆಳಗ್ಗೆ ಹರಿಹರದ ಸ್ಟೇಷನ್ನಿಗೆ ಅಪ್ಪನ ಮೈದಾನದ ಹುಡುಗ ಹುಡುಗಿಯರೆಲ್ಲ ಬಂದಿದ್ದರು. ಉಚ್ಚೆಂಗೆಮ್ಮ ಎಲ್ಲರಿಗೂ ಕೇಳುವಂತೆ ಮಗಳ ಹೆಸರು ಕರೆದು ಕರೆದು ಬುತ್ತಿ ಕೊಟ್ಟರು. ಇವತ್ತು ಕಾಲಿಗೆ ಬಿದ್ದು ಹೋಗು, ತಿರುಗಿ ಬಂದಾಗ ಸೆಲ್ಯೂಟ್ ಹೊಡೆಯೋನು ನಾನು ಎಂದರು ಪಾಲಯ್ಯ, ಅಂಗಿಯ ಗುಂಡಿ ಸಾಲದಂತೆ ಅವರ ಎದೆ ಉಬ್ಬಿತ್ತು.

ಬಕ್ಕೇಶ್ ಸುರುಳಿ ಸುತ್ತಿದ ಕಾಗದವೊಂದನ್ನು ಕೊಟ್ಟ. ಬಿಡಿಸಿದಳು. ಹರಿಹರದ ಹೊಳೆ, ಸೇತುವೆ, ಮೈದಾನ, ದಾವಣಗೆರೆಯ ರಸ್ತೆ, ಕೊನೆಯಲ್ಲಿ ಮಹಡಿಯ ಒಂದು ಕಿಟಕಿ. ರಾಕ್ಷಸರಿಲ್ಲದ ಮೊದಲ ನಕ್ಷೆ.

"ಹಿಂದೆ ತಿರುಗ್ಸು," ಎಂದ.

ಹಿಂದೆ ಪ್ರೆಸ್ಸಿನ ಸ್ಯಾಂಪಲ್ ಲಗ್ನಪತ್ರಿಕೆ. ಚಿ|| ಸೌ|| ಎಂದು ಬರೆದು ಖಾಲಿ ಜಾಗ. ಚಿ|| ರಾ|| ಎಂದು ಬರೆದು ಖಾಲಿ ಜಾಗ. ಮುಹೂರ್ತದ ಮುಂದೆಯೂ ಖಾಲಿ.

"ಈಗ ಏನ್ ಮಾಡ್ತಿ, ಕ್ಯಾಪ್ಟನ್?"

ಎರಡು ವರ್ಷ ಅವನು ಈ ಪ್ರಶ್ನೆ ಕೇಳಿ ಆರಾಮಾಗಿ ಒರಗಿ ಕೂರುತ್ತಿದ್ದ. ಇವತ್ತು ಜೇಬಿನಲ್ಲಿ ದಾಳವನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಸುಧಾ ಅವನ ಅಂಗಿಯ ಜೇಬಿನಿಂದ ಪೆನ್ನು ತೆಗೆದುಕೊಂಡಳು.

"ದಾಳ ಒಳಗಿರ್ಲಿ. ಇದಕ್ಕೆ ದಾಳ ಬ್ಯಾಡ."

ಅವನ ಬೆನ್ನ ಮೇಲೇ ಕಾಗದ ಇಟ್ಟು ಎರಡು ಹೆಸರನ್ನೂ ಬರೆದಳು. ಹವ್ಯಾಸದ ಕಾಲಮ್ಮಿನಲ್ಲಿ ಬರೆದಷ್ಟೇ ದೊಡ್ಡ ಅಕ್ಷರ, ಅಷ್ಟೇ ಗಟ್ಟಿ ಕೈ. ಮುಹೂರ್ತದ ಜಾಗ ಬಿಟ್ಟಳು. ತರಬೇತಿ ಮುಗಿಯುವ ತನಕ ಮದುವೆಯಾಗುವಂತಿಲ್ಲ, ಅದು ಸೈನ್ಯದ ನಿಯಮ. ಹಿಂದೆ ನಿಂತು ಎಲ್ಲ ನೋಡಿದ ಪಾಲಯ್ಯ, ಅಚ್ಚು ಹಾಕುವ ಮುಂಚೆ ನಿಮ್ಮಪ್ಪನನ್ನು ನಮ್ಮ ಮನೆಗೆ ಕರೆದುಕೊಂಡು ಬಾ ಎಂದು ಗದರಿದಂತೆ ಹೇಳಿ ಮುಖ ತಿರುಗಿಸಿದರು. ನಗುತ್ತಿದ್ದರು.

ರೈಲು ಅಲುಗಿತು. ಬಕ್ಕೇಶ್ ಜೊತೆಗೆ ನಡೆದ, ಆಮೇಲೆ ಓಡಿದ. ಈ ಸಲ ಉಸಿರು ಸಾಕಾಗುವಷ್ಟಿತ್ತು, ಆರು ತಿಂಗಳಿಂದ ಪಾಲಯ್ಯ ಅವನನ್ನು ಮೈದಾನದಲ್ಲಿ ಓಡಿಸದೆ ಬಿಟ್ಟಿರಲಿಲ್ಲ.

"ಇಷ್ಟು ದಿನ ಸತ್ತೋರ ಮನೆಗೆ ಕಾಗದ ಬರೆದಿ," ಎಂದ ಕಿಟಕಿಯ ಸರಳು ಹಿಡಿದು. "ಇನ್ಮೇಲೆ ಬದುಕಿರೋನಿಗೆ ಬರಿ."

ರೈಲು ದಾವಣಗೆರೆ ಮುಟ್ಟುವ ಮೊದಲೇ ಕ್ಯಾಪ್ಟನ್ ತನ್ನ ಆರನೆಯ ಕಾಗದ ಶುರು ಮಾಡಿದ್ದಳು.